ಬಾಯ್ಲರ್ ಬದಲಿಸುವ ಮೊದಲು ಹಾಜರಿ ಪುಸ್ತಕ ನೋಡಿ

ಮಂಗಳೂರು, ಉಡುಪಿ ಕಡೆಯ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಿಗೆ ಇಂಧನದ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಫರ್ನೇಸ್ ಆಯಿಲ್ ಎಂಬ ದಪ್ಪ ಎಣ್ಣೆ, ಡೀಸೆಲ್, ಕಲ್ಲಿದ್ದಲು ಉರಿಸುತ್ತಿರುವವರು ಅದನ್ನು ಬಿಡಬೇಕು ಅಂದುಕೊಂಡಾಗ ನಮ್ಮನ್ನು ಕರೆಯುತ್ತಾರೆ. ಏನು ಹಾಕಬೇಕು, ಎಷ್ಟು ಖರ್ಚು, ಎಷ್ಟು ವರ್ಷದಲ್ಲಿ ದುಡ್ಡು ವಾಪಸು ಅಂತ ಹೇಳಬೇಕು. ಯಂತ್ರ ಬಂದ ಮೇಲೆ ಅದು ನೆಟ್ಟಗೆ ಓಡುತ್ತಿದೆಯಾ ಅಂತಲೂ ನೋಡಬೇಕು. ಬೈಕಂಪಾಡಿ, ಕಾರ್ಕಳದ ಗೇರುಬೀಜ ಕಾರ್ಖಾನೆಗಳು, ಮಲ್ಪೆಯ ಐಸ್ ಪ್ಲಾಂಟುಗಳು, ಒಂದೆರಡು ಕುಚ್ಚಲಕ್ಕಿ ಮಿಲ್ಲುಗಳು. ಇಷ್ಟರಲ್ಲೇ ನನ್ನ ಓಡಾಟ.

ಈ ಊರಲ್ಲಿ ಕೂತು 'ಎಣ್ಣೆ ಬಿಡಿ' ಅನ್ನುವುದು ಸ್ವಲ್ಪ ತಮಾಷೆಯೇ. ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸಬಲ್ಲ ಎಂಆರ್‌ಪಿಎಲ್ ಇಲ್ಲೇ ಇದೆ. ಪಣಂಬೂರಿನ ಬಂದರಿಗೆ ತೈಲ, ಎಲ್‌ಪಿಜಿ, ಕಲ್ಲಿದ್ದಲು ಎಲ್ಲ ಬಂದು ಇಳಿಯುತ್ತದೆ. ಪಡುಬಿದ್ರಿ ಪಕ್ಕದ ಎಲ್ಲೂರಿನಲ್ಲಿ 1200 ಮೆಗಾವಾಟ್‌ನ ಸ್ಥಾವರ ಹೊರದೇಶದ ಕಲ್ಲಿದ್ದಲಿನ ಮೇಲೆ ನಿಂತಿದೆ. ದೇಶದ ತುರ್ತಿಗೆಂದು ನೆಲದಡಿ ಬಂಡೆ ಕೊರೆದು ತೈಲ ಕೂಡಿಟ್ಟಿರುವುದೂ ನಮ್ಮ ಮಂಗಳೂರಿನಲ್ಲಿ ಮತ್ತು ಪಾದೂರಿನಲ್ಲಿ. ಟ್ಯಾಂಕರ್ ಓಡಿಸುವವರು, ವೆಲ್ಡಿಂಗ್ ಮಾಡುವವರು, ಗೇಟಿನೆದುರು ಕ್ಯಾಂಟೀನ್ ಇಟ್ಟವರು, ಇವರಲ್ಲಿ ಒಬ್ಬರಾದರೂ ಇಲ್ಲಿ ಪ್ರತಿ ಬೀದಿಯಲ್ಲಿ ಸಿಗುತ್ತಾರೆ. ಹಾಗಾಗಿ ಇಂಧನ ಬದಲಾಗಬೇಕು ಎಂದರೆ ಇಲ್ಲಿ ಜನ ಮೊದಲು ಹೊಗೆಯ ಬಗ್ಗೆ ಯೋಚಿಸುವುದಿಲ್ಲ, ಸಂಬಳದ ಬಗ್ಗೆ ಯೋಚಿಸುತ್ತಾರೆ.

ಅದು ತಪ್ಪೂ ಅಲ್ಲ. ಹವಾಮಾನದ ಬಗ್ಗೆ ದೇಶಗಳು ಮಾಡಿಕೊಂಡ 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲೇ ಕಾರ್ಮಿಕರಿಗೆ ನ್ಯಾಯಯುತ ಪರಿವರ್ತನೆ ಆಗಬೇಕು, ಅಂದರೆ ಇಂಧನ ಬದಲಾಗುವಾಗ ಅವರು ಬೀದಿಗೆ ಬೀಳಬಾರದು ಎಂಬ ಮಾತಿದೆ. 2070ಕ್ಕೆ ನೆಟ್ ಝೀರೊ, ಅಂದರೆ ಗಾಳಿಗೆ ಬಿಟ್ಟಷ್ಟೇ ಇಂಗಾಲವನ್ನು ವಾಪಸು ತೆಗೆಯುವ ಸ್ಥಿತಿ, ಎಂದು ಭಾರತ 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಹೇಳಿತು. ಬೈಕಂಪಾಡಿಯ ಧಣಿಗೆ 2070 ಎಂದರೆ ಮೊಮ್ಮಗ ರಿಟೈರ್ ಆಗುವ ಹೊತ್ತು. ಅವರನ್ನು ಅಲುಗಿಸುವುದು ತಿಂಗಳ ಎಣ್ಣೆ ಬಿಲ್ಲು, ಆಮೇಲೆ ಹೊರದೇಶದ ಖರೀದಿದಾರರು ಕಳಿಸುವ ಉದ್ದದ ಪ್ರಶ್ನೆಪಟ್ಟಿ. ಕಾರ್ಮಿಕರ ವಿಷಯ ಆ ಎರಡು ಕಾಗದದಲ್ಲೂ ಇರುವುದಿಲ್ಲ.

ನಾನು ಈ ಕೆಲಸದಲ್ಲಿ ಕಲಿತದ್ದು ಅಲ್ಲೇ. ಬಾಯ್ಲರ್ ಅಂದರೆ ಇಂಧನ ಉರಿಸಿ ನೀರನ್ನು ಆವಿ ಮಾಡುವ ಯಂತ್ರ. ಅದರ ಲೆಕ್ಕ ಶುರು ಮಾಡುವ ಮೊದಲು, ಆ ಇಂಧನದಿಂದ ಯಾರ್ಯಾರ ಮನೆ ನಡೆಯುತ್ತಿದೆ ಎಂಬ ಪಟ್ಟಿ ಮಾಡಬೇಕು. ಕರುಣೆ ಎಂದು ಹೇಳುತ್ತಿಲ್ಲ. ಆ ಪಟ್ಟಿ ಇಲ್ಲದೆ ಯಂತ್ರದ ಲೆಕ್ಕವೂ ಸರಿಯಾಗುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಹೆಸರು ಬೇಡ, ಬೈಕಂಪಾಡಿ ಕಡೆಯ ಆಹಾರ ತಯಾರಿಕೆಯ ಘಟಕ. ಫರ್ನೇಸ್ ಆಯಿಲ್ ಬಾಯ್ಲರ್. ಧಣಿಗೆ ಎಣ್ಣೆ ಸಾಕಾಗಿತ್ತು, ಪೈಪ್ ಗ್ಯಾಸ್ ಹಾಕಿಸುವ ಯೋಚನೆ. ಕೊಚ್ಚಿಯಿಂದ ಮಂಗಳೂರಿಗೆ ಬಂದ ಗ್ಯಾಸ್ ಪೈಪ್‌ಲೈನ್ 2021ರ ಜನವರಿಯಲ್ಲಿ ಉದ್ಘಾಟನೆ ಆಯಿತಲ್ಲ, ಆಮೇಲೆ ಇಲ್ಲಿ ಎಲ್ಲರ ಬಾಯಲ್ಲೂ ಗ್ಯಾಸ್. ಕೊಟೇಶನ್ ನೋಡಿದರೆ ಗ್ಯಾಸ್ ಅಗ್ಗ ಅನ್ನಿಸುತ್ತದೆ. ಆದರೆ ಫರ್ನೇಸ್ ಆಯಿಲ್ ಜಿಎಸ್‌ಟಿಯೊಳಗೆ ಇದೆ, ಕಟ್ಟಿದ 18 ಶೇಕಡಾ ತೆರಿಗೆಯ ಕ್ರೆಡಿಟ್ ಸಿಗುತ್ತದೆ, ಅಂದರೆ ತಮ್ಮ ಮಾಲಿನ ಮೇಲೆ ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟನ್ನು ಕಳೆಯಬಹುದು. ನೈಸರ್ಗಿಕ ಅನಿಲ ಇನ್ನೂ ಜಿಎಸ್‌ಟಿಯಿಂದ ಹೊರಗೆ, ಅದರ ಮೇಲೆ ಬೀಳುವುದು ವ್ಯಾಟ್. ಜಿಎಸ್‌ಟಿ ಕ್ರೆಡಿಟ್ ಇಲ್ಲ. ಹಾಗಾಗಿ ಎರಡು ಬಿಲ್ಲನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ, ಕ್ರೆಡಿಟ್ ಕಳೆದ ಮೇಲೆ ಹೋಲಿಸಿ. ಮಾರುವವರು ಇದನ್ನು ತಾವಾಗಿ ಹೇಳಿದ್ದು ನಾನು ಕೇಳಿಲ್ಲ.

ಇನ್ನೊಂದು ವಿಷಯ, ಗ್ಯಾಸ್ ಕೂಡ ಭೂಮಿಯಿಂದ ತೆಗೆದ ಇಂಧನವೇ. ಸಾಲ ಮಾಡಿ ಗ್ಯಾಸ್ ಬಾಯ್ಲರ್ ಹಾಕಿದರೆ ಆ ಸಾಲ ತೀರುವ ತನಕ ಮುಂದಿನ ಹೆಜ್ಜೆ ಇಡುವವರು ಯಾರೂ ಇಲ್ಲ. ಕೆಲವು ಕಡೆ ಬೇರೆ ದಾರಿ ಇಲ್ಲದಾಗ ನಾನೂ ಗ್ಯಾಸ್ ಅಂತಲೇ ಬರೆದುಕೊಟ್ಟಿದ್ದೇನೆ. ಆದರೆ ಮೊದಲ ಉತ್ತರ ಅದಾಗಬಾರದು.

ಆ ಘಟಕದಲ್ಲಿ ಬಾಯ್ಲರ್ ನೋಡಿಕೊಳ್ಳುವವರು ಇಬ್ಬರು. ಹಿರಿಯರಿಗೆ ಐವತ್ತು ದಾಟಿದೆ. ಬಾಯ್ಲರ್ ಅಟೆಂಡೆಂಟ್ ಪರೀಕ್ಷೆ ಪಾಸಾದ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಹಾಕಿಸಿ ಗೋಡೆಗೆ ನೇತು ಹಾಕಿದ್ದರು. ಪಕ್ಕದಲ್ಲೇ ಲಾಗ್ ಪುಸ್ತಕ, ಎಣ್ಣೆ ಕಲೆಯ ಬೆರಳಚ್ಚು ತುಂಬಿದ್ದು. ಫರ್ನೇಸ್ ಆಯಿಲ್ ತಣ್ಣಗಿದ್ದರೆ ಬೆಲ್ಲದ ಪಾಕದ ಹಾಗೆ, ನೂರು ಡಿಗ್ರಿಯ ಆಸುಪಾಸು ಕಾಯಿಸಿದರೆ ಮಾತ್ರ ಬರ್ನರಿನಲ್ಲಿ ಸಣ್ಣ ಹನಿಗಳಾಗಿ ಚೆನ್ನಾಗಿ ಚಿಮ್ಮುತ್ತದೆ. ಅವರು ಮೀಟರ್ ನೋಡುವ ಮೊದಲೇ ಬರ್ನರ್ ಸದ್ದು ಕೇಳಿ 'ಸ್ಟ್ರೈನರ್ ಕಟ್ಟಿಕೊಂಡಿದೆ' ಅನ್ನುತ್ತಿದ್ದರು, ಎಣ್ಣೆ ಸೋಸುವ ಜಾಲರಿ ಅದು. ಬಿಚ್ಚಿ ನೋಡಿದರೆ ಹೌದು.

ಧಣಿ ಇಲ್ಲದಾಗ ಅವರು ತುಳುವಿನಲ್ಲೇ ನೇರವಾಗಿ ಕೇಳಿದರು. ಎಣ್ಣೆ ಹೋದರೆ ನಾವೂ ಹೋಗುವುದಾ ಸಾರ್, ಅಂತ.

ಪ್ರಶ್ನೆ ಸರಿಯಾಗಿಯೇ ಇತ್ತು. ಗ್ಯಾಸ್ ಬಾಯ್ಲರ್ ಆದರೆ ಅದೂ ಬಾಯ್ಲರೇ, ಕಾನೂನಿನ ಪ್ರಕಾರ ಸರ್ಟಿಫಿಕೇಟ್ ಇರುವವರು ಬೇಕೇ ಬೇಕು. ಆದರೆ ಎಣ್ಣೆ ಕಾಯಿಸುವುದು, ಸ್ಟ್ರೈನರ್ ತೊಳೆಯುವುದು, ಮಸಿ ತೆಗೆಯುವುದು ಇಲ್ಲ. ಇಬ್ಬರ ಕೆಲಸ ಒಬ್ಬರಿಗೆ ಇಳಿಯುತ್ತದೆ. ಕರೆಂಟಿನಲ್ಲಿ ನೀರು ಕಾಯಿಸುವ ಹೀಟ್ ಪಂಪ್ ಆದರೆ ಅದು ಬಾಯ್ಲರೇ ಅಲ್ಲ. ಓದಿ ಪಾಸಾದ ಸರ್ಟಿಫಿಕೇಟ್ ಗೋಡೆಯ ಮೇಲೆ ಸುಮ್ನೆ ಇರುತ್ತದೆ. ಯಾವ ಯಂತ್ರ ಆರಿಸುತ್ತೇವೆ ಎನ್ನುವುದರಲ್ಲೇ ಯಾರು ಉಳಿಯುತ್ತಾರೆ ಎನ್ನುವುದೂ ಸೇರಿಕೊಂಡಿದೆ. ಕೊಟೇಶನ್‌ನಲ್ಲಿ ಆ ಸಾಲು ಇರುವುದಿಲ್ಲ ಅಷ್ಟೇ.

ನಾನು ಅವರಿಗೆ ಸುಳ್ಳು ಸಮಾಧಾನ ಹೇಳಲಿಲ್ಲ. ಬದಲಿಗೆ, ಆವಿ ಎಲ್ಲೆಲ್ಲಿ ಹೋಗುತ್ತದೆ ಅಂತ ನನ್ನ ಜೊತೆ ನಡೆದು ತೋರಿಸಿ ಅಂದೆ. ಪೈಪ್ ಹಿಡಿದುಕೊಂಡೇ ಹೋದೆವು. ನನ್ನ ಮೀಟರ್ ದಿನಕ್ಕೆ ಒಟ್ಟು ಎಷ್ಟು ಆವಿ ಅಂತ ಹೇಳಿತ್ತು. ಯಾತಕ್ಕೆ ಎಷ್ಟು ಅಂತ ಹೇಳಿದ್ದು ಅವರು. ಬೆಳಿಗ್ಗೆ ಆರರಿಂದ ಪಾತ್ರೆ, ನೆಲ, ಕ್ರೇಟು ತೊಳೆಯುವ ಬಿಸಿನೀರು. ಅದಕ್ಕೆ 60 ಡಿಗ್ರಿ ಸಾಕು, ಆದರೆ ಆವಿಯನ್ನೇ ನೇರ ನೀರಿನ ಟ್ಯಾಂಕಿಗೆ ಬಿಟ್ಟು ಕಾಯಿಸುತ್ತಿದ್ದರು. ನಿಜವಾಗಿ ಆವಿ ಬೇಕಾದದ್ದು ಬೇಯಿಸುವ ಕೆಟಲ್‌ಗಳಿಗೆ ಮಾತ್ರ, ಅದೂ ಮಧ್ಯಾಹ್ನದೊಳಗೆ. ದೊಡ್ಡ ಬಾಯ್ಲರ್ ಅರ್ಧ ದಿನ ಸುಮ್ನೆ ಸ್ನಾನದ ನೀರು ಕಾಯಿಸುವ ಕೆಲಸ ಮಾಡುತ್ತಿತ್ತು. ದಾರಿಯಲ್ಲಿ ಒಂದು ಸ್ಟೀಮ್ ಟ್ರ್ಯಾಪ್ (ಆವಿಯನ್ನು ತಡೆದು ನೀರನ್ನು ಮಾತ್ರ ಹೊರಬಿಡುವ ವಾಲ್ವ್) ಸೋರುತ್ತಿರುವುದನ್ನೂ ತೋರಿಸಿದರು. ಅದನ್ನು ಬದಲಿಸಿ ಅಂತ ಎಷ್ಟೋ ಸಲ ಹೇಳಿದ್ದೆ, ಪರ್ಚೇಸ್‌ನವರು ಕೇಳಲಿಲ್ಲ ಅಂದರು.

ಅಲ್ಲಿಗೆ ಯೋಜನೆಯೇ ಬೇರೆಯಾಯಿತು. ಬಿಸಿನೀರಿಗೆ ಹೀಟ್ ಪಂಪ್, ಕೆಟಲ್‌ಗಳಿಗೆ ಮಾತ್ರ ಸಣ್ಣ ಬಾಯ್ಲರ್. ಹೀಟ್ ಪಂಪ್ ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಹಾಕುತ್ತದೆ, ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್‌ನಷ್ಟು ಶಾಖ. ನಮ್ಮ ಕರಾವಳಿಯ ಸೆಕೆ ಅದಕ್ಕೆ ಹೇಳಿ ಮಾಡಿಸಿದ್ದು. ಲೆಕ್ಕ ಹೀಗೆ. ಒಂದು ಕೆಜಿ ಫರ್ನೇಸ್ ಆಯಿಲ್‌ನಲ್ಲಿ ಸುಮಾರು 10,000 ಕಿಲೋ ಕ್ಯಾಲೊರಿ. ಬಾಯ್ಲರ್ ಚೆನ್ನಾಗಿದ್ದರೆ ಅದರಲ್ಲಿ 8,000 ನೀರಿಗೆ ಸೇರುತ್ತದೆ. ಒಂದು ಯೂನಿಟ್ ಕರೆಂಟು ಎಂದರೆ 860 ಕಿಲೋ ಕ್ಯಾಲೊರಿ, ಹೀಟ್ ಪಂಪ್‌ನಲ್ಲಿ ಅದು 2,580 ಆಗುತ್ತದೆ. ಅಂದರೆ ಒಂದು ಕೆಜಿ ಎಣ್ಣೆಯ ಕೆಲಸಕ್ಕೆ ಮೂರು ಚಿಲ್ಲರೆ ಯೂನಿಟ್. ಯೂನಿಟ್‌ಗೆ 8 ರೂಪಾಯಿ ಅಂತ ಇಟ್ಟುಕೊಂಡರೆ ಸುಮಾರು 25 ರೂಪಾಯಿ. ಅದನ್ನು ಒಂದು ಕೆಜಿ ಎಣ್ಣೆಯ ಬೆಲೆಯ ಜೊತೆ ಹೋಲಿಸಬೇಕು. ಇದನ್ನು ಧಣಿಯ ಎದುರು ಬರೆದಾಗ ಅವರು ಕ್ಯಾಲ್ಕುಲೇಟರ್ ತೆಗೆದು ತಾವೇ ಇನ್ನೊಮ್ಮೆ ಒತ್ತಿ ನೋಡಿದರು.

ಮಳೆಗಾಲದ ಮಾತು ಬೇರೆ. ಜೂನ್ ಬಂತೆಂದರೆ ಲೈನಿನ ಮೇಲೆ ಕೊಂಬೆ ಬೀಳುತ್ತದೆ, ಕರೆಂಟು ಹೋಗುತ್ತದೆ. ಛಾವಣಿಯ ಸೋಲಾರ್ ಕೂಡ ಆ ತಿಂಗಳುಗಳಲ್ಲಿ ಸೋಮಾರಿ. ಬಿಸಿನೀರಿನ ಟ್ಯಾಂಕು ದೊಡ್ಡದಿಟ್ಟು, ಕರೆಂಟು ಇದ್ದಾಗ ಕಾಯಿಸಿಟ್ಟುಕೊಳ್ಳುವ ಹಾಗೆ ಮಾಡಿದೆವು. ಆ ಸಲಹೆಯೂ ಬಾಯ್ಲರ್ ರೂಮಿನಿಂದಲೇ ಬಂದದ್ದು.

ಈಗ ಜನರ ವಿಷಯ. ಹಿರಿಯರು ಸಣ್ಣ ಬಾಯ್ಲರಿಗೆ ನಿಂತರು, ಸರ್ಟಿಫಿಕೇಟ್ ಕೆಲಸಕ್ಕೆ ಬಂತು. ಕಿರಿಯ ಹುಡುಗನಿಗೆ ಹೀಟ್ ಪಂಪ್ ಕಲಿಸಬೇಕಿತ್ತು. ಬ್ಯಾಂಕಿನವರ ಫಾರಂನಲ್ಲಿ ಯಂತ್ರಕ್ಕೆ ಕಾಲಂ ಉಂಟು, ತರಬೇತಿಗೆ ಇಲ್ಲ. ಅದಕ್ಕೆ ಒಂದು ಉಪಾಯ ಮಾಡಿದೆವು, ಈಗ ಎಲ್ಲ ಕಡೆ ಅದನ್ನೇ ಮಾಡುತ್ತೇನೆ. ತರಬೇತಿಯನ್ನು ಯಂತ್ರದ ಪರ್ಚೇಸ್ ಆರ್ಡರಿನಲ್ಲೇ ಸೇರಿಸುವುದು. ಕೊನೆಯ 10 ಶೇಕಡಾ ಹಣ, ನಮ್ಮ ಆಪರೇಟರ್ ಸ್ವಂತವಾಗಿ ಯಂತ್ರ ನಿಲ್ಲಿಸಿ, ಫಿಲ್ಟರ್ ತೊಳೆದು, ಮತ್ತೆ ಚಾಲೂ ಮಾಡಿ ತೋರಿಸಿದ ಮೇಲೆ ಮಾತ್ರ. ಮೊದಲಾದರೆ ಕಂಪೆನಿಯ ಇಂಜಿನಿಯರ್ ಬಂದು ಅರ್ಧ ಗಂಟೆ ಬಟನ್ ತೋರಿಸಿ ಚಾ ಕುಡಿದು ಹೋಗುತ್ತಿದ್ದರು. ಹಣ ಬಾಕಿ ಇದ್ದರೆ ಕುಳಿತು ಕಲಿಸುತ್ತಾರೆ.

ಪಟ್ಟಿಯಲ್ಲಿ ಇನ್ನೊಬ್ಬರಿದ್ದರು. ಎಣ್ಣೆ ಟ್ಯಾಂಕಿನ ಅಡಿಯ ಮಡ್ಡಿ ತೆಗೆಯಲು, ಮಸಿ ಗುಡಿಸಲು ಬರುತ್ತಿದ್ದ ಉತ್ತರ ಕರ್ನಾಟಕದ ಒಬ್ಬರು. ಹಾಜರಿ ಪುಸ್ತಕದಲ್ಲಿ ಅವರ ಹೆಸರೇ ಇಲ್ಲ. ಗುತ್ತಿಗೆದಾರರ ಬಿಲ್ಲಿನಲ್ಲಿ 'ಕ್ಲೀನಿಂಗ್' ಅಂತ ಒಂದು ಸಾಲು, ಗೇಟಿನ ರಿಜಿಸ್ಟರಿನಲ್ಲಿ ಒಂದು ಹೆಬ್ಬೆಟ್ಟು. ಅಷ್ಟೇ ಅವರ ದಾಖಲೆ. ಧಣಿಗೆ ಅವರ ಮುಖ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ ಕೆಲಸ ಕೊಡಿಸಿದೆವು, ಆದರೆ ತಿಂಗಳಿಗೆ ಸಿಗುವ ದಿನಗಳು ಮೊದಲಿಗಿಂತ ಕಡಿಮೆ. ಇದನ್ನು ನ್ಯಾಯ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ. ಕೆಲಸದಿಂದ ತೆಗೆದವರಿಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರ ಎಂದು ಕಾನೂನು ಹೇಳುತ್ತದೆ. 2020ರ ಕೈಗಾರಿಕಾ ಸಂಬಂಧ ಸಂಹಿತೆ ಇದರ ಜೊತೆಗೆ ಹೊಸ ಕೆಲಸ ಕಲಿಯಲು ಎಂದು ಇನ್ನೊಂದು 15 ದಿನದ ಸಂಬಳವನ್ನೂ ಸೇರಿಸಿದೆ. ಹದಿನೈದು ದಿನದ ಸಂಬಳದಲ್ಲಿ ಯಾರೂ ಹೊಸ ಕಸುಬು ಕಲಿಯುವುದಿಲ್ಲ ಬಿಡಿ, ಆದರೂ ಅದು ಸಿಗುವುದಕ್ಕೂ ಮೊದಲು ಪುಸ್ತಕದಲ್ಲಿ ಹೆಸರಿರಬೇಕಲ್ವಾ?

ಆದ್ದರಿಂದ ಈಗ ನಾನು ಹಾಜರಿ ಪುಸ್ತಕದ ಜೊತೆಗೆ ಗುತ್ತಿಗೆದಾರರ ಬಿಲ್ಲು, ಗೇಟ್ ರಿಜಿಸ್ಟರ್, ಇಂಧನ ತಂದು ಹಾಕುವವರ ಬಿಲ್ಲು, ಎಲ್ಲ ಕೇಳುತ್ತೇನೆ. ಕೆಲವು ಮಾಲೀಕರಿಗೆ ಇದು ಇಷ್ಟ ಆಗುವುದಿಲ್ಲ. ನೀವು ಬಂದದ್ದು ಬಾಯ್ಲರ್ ನೋಡಲಿಕ್ಕಾ, ನಮ್ಮನ್ನು ನೋಡಲಿಕ್ಕಾ ಮಾರಾಯ್ರೆ ಅಂತ ಒಬ್ಬರು ಕೇಳಿದ್ದಾರೆ. ಕಾರ್ಮಿಕ ಇಲಾಖೆಯವರಲ್ಲ ನಾವು ಅಂತ ವಿವರಿಸಬೇಕಾಗುತ್ತದೆ.

ಇಂಥ ಪಟ್ಟಿ ಯಾರೂ ಮಾಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಸುತ್ತಲೇ ಸಾಕಷ್ಟು ಉಂಟು. ಕುದುರೆಮುಖದ ಗಣಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಿತು. ಕಾಡು ಉಳಿಯಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಟೌನ್‌ಶಿಪ್ ಖಾಲಿಯಾದಾಗ ಕಂಪೆನಿಯ ನೌಕರರ ಹೆಸರಾದರೂ ಒಂದು ಕಡೆ ಬರೆದಿತ್ತು. ಅವರನ್ನೇ ನಂಬಿ ಅಂಗಡಿ ಇಟ್ಟವರ ಹೆಸರು ಎಲ್ಲಿತ್ತು? ಹಂಚಿನ ಕಾರ್ಖಾನೆಗಳದ್ದೂ ಅದೇ ಕತೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಶುರು ಮಾಡಿದ ಉದ್ಯಮ, ಕಾಂಕ್ರೀಟ್ ಛಾವಣಿ ಬಂದ ಮೇಲೆ ಒಂದೊಂದಾಗಿ ಬಾಗಿಲು ಹಾಕಿತು. ಅದಕ್ಕೆ ಪರಿವರ್ತನೆ ಅಂತ ಯಾರೂ ಹೆಸರಿಡಲಿಲ್ಲ.

ಮಲ್ಪೆಯಲ್ಲಿ ಇದೇ ವಿಷಯ ಬೇರೆ ಥರ ಕಂಡಿತು. ನಾಡದೋಣಿಯವರಿಗೆ ಸೀಮೆಎಣ್ಣೆ ಸಾಲದೆ ಎಂಜಿನ್ ಬದಲಿಸುವ ಮಾತು ನಡೆಯುತ್ತಲೇ ಇರುತ್ತದೆ. ಅಲ್ಲಿ ಎಂಜಿನ್ ಬಗ್ಗೆ ಮಾತಾಡಲು ಕುಳಿತರೆ ಮಾಲೀಕರೊಬ್ಬರೇ ಇರುವುದಿಲ್ಲ, ದೋಣಿಯವರೆಲ್ಲ ಸುತ್ತ ಕೂರುತ್ತಾರೆ. ಏಕೆಂದರೆ ಮೀನು ಮಾರಿದ ಹಣದಲ್ಲಿ ಎಣ್ಣೆ ಖರ್ಚು ಕಳೆದ ಮೇಲೆ ಪಾಲು ಹಂಚುವುದು. ಎಣ್ಣೆ ಉಳಿದರೆ ಪ್ರತಿಯೊಬ್ಬರ ಪಾಲೂ ಏರುತ್ತದೆ. ಪ್ರಶ್ನೆಗಳೂ ಹಾಗೇ ಚುರುಕು. ಕಾರ್ಖಾನೆಯಲ್ಲಿ ಎಣ್ಣೆ ಉಳಿದರೆ ಲಾಭ ಧಣಿಗೆ, ಭಯ ಬಾಯ್ಲರಿನವರಿಗೆ. ಉಳಿತಾಯದಲ್ಲಿ ಒಂದು ಭಾಗವನ್ನು ಮೊದಲ ಎರಡು ವರ್ಷ ಬೋನಸ್ ಆಗಿ ಕೊಡಿ ಅಂತ ಈಗ ನನ್ನ ವರದಿಯಲ್ಲಿ ಬರೆಯುತ್ತೇನೆ. ಒಪ್ಪಿದವರು ಕಡಿಮೆ. ಒಪ್ಪಿದ ಕಡೆ ಯಂತ್ರ ಕೆಡುವುದೂ ಕಡಿಮೆ.

ಸದ್ಯಕ್ಕೆ ಮಣಿಪಾಲದ ಕಡೆ ಒಂದು ಲಾಂಡ್ರಿಯ ಕೆಲಸ ನಡೆಯುತ್ತಿದೆ. ಡೀಸೆಲ್ ಬಾಯ್ಲರ್. ಬಟ್ಟೆ ಒಗೆಯುವ ನೀರಿಗೆ ಹೀಟ್ ಪಂಪ್ ಸಾಕು, ಇಸ್ತ್ರಿಗೆ ಆವಿಯೇ ಬೇಕು, ಹಾಗಾಗಿ ಲೆಕ್ಕ ಸ್ವಲ್ಪ ಜಟಿಲ. ಆದರೆ ತರಬೇತಿಯ ಖರ್ಚು, ಸಂಬಳ ಕಡಿಮೆಯಾಗಬಾರದು ಎನ್ನುವ ಷರತ್ತು, ಎಲ್ಲದಕ್ಕೂ ಮಾಲೀಕರು ಮೊದಲ ದಿನವೇ ಹೂಂ ಅಂದರು. ಆಮೇಲೆ ಗೊತ್ತಾಯಿತು, ಅಲ್ಲಿ ಬಾಯ್ಲರ್ ನೋಡಿಕೊಳ್ಳುವವರು ಅವರ ಹೆಂಡತಿಯ ತಮ್ಮ.