ಹಾಲಿನ ಲೆಕ್ಕದ ಗೆರೆಗಳು

ಮಗಳ ಅಂಗವೈಕಲ್ಯದ ಭತ್ಯೆಗೆ ಅರ್ಜಿ ಫಾರ್ಮ್ ಬಂದು ಎಂಟು ದಿನವಾದರೂ ನಾನು ಲಕೋಟೆ ಒಡೆದಿರಲಿಲ್ಲ. ಅಡುಗೆಮನೆಯ ಫ್ರಿಜ್ ಮೇಲೆ, ಮಗಳ ಔಷಧಿ ಡಬ್ಬಿಯ ಕೆಳಗೆ ಸುಮ್ಮನೆ ಇಟ್ಟಿದ್ದೆ. ಫೋನ್ ಮಾಡಿ ತರಿಸಿಕೊಂಡವಳು ನಾನೇ. ಆರು ವಾರದೊಳಗೆ ತುಂಬಿ ಕಳಿಸಿದರೆ, ಮಂಜೂರಾದಾಗ ಫೋನ್ ಮಾಡಿದ ದಿನದಿಂದಲೇ ಲೆಕ್ಕ ಹಿಡಿದು ಹಣ ಕೊಡುತ್ತಾರೆ ಅನ್ನುವುದೂ ಗೊತ್ತಿತ್ತು. ಆದರೂ ಆ ಕಡೆ ಕೈ ಹೋಗುತ್ತಿರಲಿಲ್ಲ.

ನಾವಿರುವುದು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ. ಮಗಳಿಗೆ ಆರು ವರ್ಷ, ಮನೆಯಲ್ಲಿ ಪುಟ್ಟಿ ಅಂತ ಕರೆಯುತ್ತೇವೆ. ದಿನ ತುಂಬುವ ಮೊದಲೇ ಹುಟ್ಟಿದವಳು. ಸೆರೆಬ್ರಲ್ ಪಾಲ್ಸಿ ಇದೆ, ಮೆದುಳಿನ ತೊಂದರೆಯಿಂದ ಎರಡೂ ಕಾಲಿನ ಸ್ನಾಯುಗಳು ಸದಾ ಬಿಗಿಯಾಗಿರುತ್ತವೆ. ಕಾಲಿಗೆ ಆಸರೆಯಾಗಿ ಸ್ಪ್ಲಿಂಟ್, ನಡೆಯಲು ವಾಕರ್. ಮಾತು ಮಾತ್ರ ಅರಳು ಹುರಿದ ಹಾಗೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 16 ವರ್ಷದೊಳಗಿನ ಇಂಥ ಮಕ್ಕಳಿಗೆ ಡಿಸೆಬಿಲಿಟಿ ಲಿವಿಂಗ್ ಅಲೋವೆನ್ಸ್ ಅನ್ನುವ ಭತ್ಯೆ ಇದೆ. ಎಲ್ಲರ ಬಾಯಲ್ಲೂ ಅದು ಡಿಎಲ್‌ಎ. ಅದರಲ್ಲಿ ಎರಡು ಭಾಗ: ಆರೈಕೆಯದ್ದು ಒಂದು, ಓಡಾಟದ್ದು ಇನ್ನೊಂದು. ಕೆಲಸದ ವೀಸಾದ ಮೇಲೆ ಇದ್ದಷ್ಟು ದಿನ ನಮಗೆ ಸರ್ಕಾರದ ಇಂಥ ನೆರವನ್ನು ಕೇಳುವ ಹಾಗಿರಲಿಲ್ಲ. 2022ರಲ್ಲಿ ಇಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ ಸಿಕ್ಕಿತು. ಆಗ ಪುಟ್ಟಿಗೆ ಮೂರು ವರ್ಷ. ಅವತ್ತೇ ಅರ್ಜಿ ಹಾಕಬಹುದಿತ್ತು. ನಾನು ಹಾಕಲಿಲ್ಲ. ಇದು ಬಡವರಿಗೆ ಕೊಡುವ ದುಡ್ಡು, ಇವರ ಸಂಬಳ ಬರುತ್ತಿರುವಾಗ ನಾವು ಕೈ ಚಾಚಬಾರದು ಅಂತ ನಂಬಿಕೊಂಡಿದ್ದೆ. ಮನೆಯ ಆದಾಯ, ಉಳಿತಾಯ ಯಾವುದನ್ನೂ ಇದಕ್ಕೆ ನೋಡುವುದಿಲ್ಲ, ತೆರಿಗೆಯೂ ಇಲ್ಲ, ಮಗುವಿನ ಅಗತ್ಯವೊಂದೇ ಲೆಕ್ಕ ಅಂತ ತಿಳಿದದ್ದು ಫಿಸಿಯೋಥೆರಪಿಗೆ ಬರುವ ಇನ್ನೊಬ್ಬ ತಾಯಿಯಿಂದ, 2025ರಲ್ಲಿ. ಅರ್ಜಿ ಹಾಕುವ ಮುಂಚಿನ ದಿನಗಳಿಗೆ ಹಿಂದಿನ ಬಾಕಿ ಅಂತ ಏನೂ ಸಿಗುವುದಿಲ್ಲ. ಆ ಮೂರು ವರ್ಷ ಹೋದದ್ದು ಹೋಯಿತು. ಈಗಲೂ ನೆನೆದರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಇದನ್ನು ಓದುವವರಲ್ಲಿ ಯಾರಾದರೂ ನಮ್ಮ ಹಾಗೆ ಕಾಯುತ್ತಾ ಕೂತಿದ್ದರೆ ದಯವಿಟ್ಟು ಕಾಯಬೇಡಿ.

2025ರ ಮೇ 2, ಶುಕ್ರವಾರ ರಾತ್ರಿ ಪುಟ್ಟಿಯನ್ನು ಮಲಗಿಸಿ ಕೊನೆಗೂ ಲಕೋಟೆ ಒಡೆದೆ. ಎಷ್ಟು ದಪ್ಪದ ಫಾರ್ಮ್! ಬರೆಯುವ ಮುಂಚೆ ಅಂದಾಜು ಎಷ್ಟು ಸಿಗಬಹುದು ನೋಡೋಣ ಅಂತ ಇವರು ಕ್ಯಾಲ್ಕುಲೇಟರ್ ಹಿಡಿದು ಕೂತರು. ಲೆಕ್ಕ ನನ್ನ ಕಸುಬೇ. ಬಿ.ಕಾಂ. ಮುಗಿಸಿ ಹಾಸನದಲ್ಲಿ, ಆಮೇಲೆ ಇಲ್ಲಿ, ಕಂಪನಿಗಳ ಸಂಬಳದ ಲೆಕ್ಕ ನೋಡಿದವಳು. ಪುಟ್ಟಿಗಾಗಿ ಕೆಲಸ ಬಿಟ್ಟು ಎರಡು ವರ್ಷವಾಗಿದೆ.

2025-26ರ ದರ ಹೀಗಿತ್ತು. ಆರೈಕೆಗೆ ಮೂರು ಹಂತ: ವಾರಕ್ಕೆ 29.20, 73.90, 110.40 ಪೌಂಡ್. ಓಡಾಟಕ್ಕೆ ಎರಡು ಹಂತ: 29.20 ಮತ್ತು 77.05. ದಿನಕ್ಕೆ ಒಟ್ಟು ಒಂದು ಗಂಟೆಯಷ್ಟು ಹೆಚ್ಚಿನ ಆರೈಕೆ ಬೇಕಿದ್ದರೆ ಕೆಳಗಿನ ಹಂತ. ಹಗಲಿಡೀ ಮತ್ತೆ ಮತ್ತೆ ಬೇಕಿದ್ದರೆ, ಇಲ್ಲವೇ ರಾತ್ರಿ ಬೇಕಿದ್ದರೆ, ಮಧ್ಯದ್ದು. ಹಗಲೂ ರಾತ್ರಿಯೂ ಬೇಕಿದ್ದರೆ ಮೇಲಿನದು. ಅದೂ ಅದೇ ವಯಸ್ಸಿನ ಬೇರೆ ಮಗುವಿಗೆ ಬೇಕಾಗುವುದಕ್ಕಿಂತ ಎಷ್ಟು ಹೆಚ್ಚು ಅನ್ನುವುದೇ ಮುಖ್ಯ. ಕಾಯಿಲೆಯ ಹೆಸರಿನಿಂದ ಏನೂ ತೀರ್ಮಾನವಾಗುವುದಿಲ್ಲ.

ನಾನು ಸ್ವಲ್ಪ ಯೋಚಿಸಿ, "ಎರಡಕ್ಕೂ ಕೆಳಗಿನ ಹಂತ ಹಾಕಿ" ಅಂದೆ. ವಾರಕ್ಕೆ 58.40. ನಾಲ್ಕು ವಾರಕ್ಕೊಮ್ಮೆ ಜಮಾ ಆಗುವುದರಿಂದ 233.60. ಇವರೂ ಸರಿ ಅಂದರು. "ರಾತ್ರಿ ಏಳ್ತೀಯಲ್ಲ?" ಅಂತ ಕೇಳಿದ್ದಕ್ಕೆ, "ಯಾವಾಗಲೋ ಒಂದು ಸಲ. ಮಕ್ಕಳಿದ್ದ ಮನೆಯಲ್ಲಿ ಎಲ್ಲರೂ ಏಳ್ತಾರೆ" ಅಂದೆ. ಸುಳ್ಳು ಹೇಳಿದ್ದಲ್ಲ. ನಿಜವಾಗಲೂ ಹಾಗೇ ಅಂದುಕೊಂಡಿದ್ದೆ.

ಅಮ್ಮ ಅಲ್ಲೇ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದರು. ಯುಗಾದಿ ಮುಗಿಸಿಕೊಂಡು ಅರಸೀಕೆರೆಯಿಂದ ಬಂದವರು, ಮೊಮ್ಮಗಳ ಕೋಣೆಯಲ್ಲೇ ಅವರ ಹಾಸಿಗೆ. ಏನೂ ಮಾತಾಡದೆ ಎದ್ದು ಒಳಗೆ ಹೋಗಿ, ಬರುವಾಗ ಸುರುಳಿ ಸುತ್ತಿ ತಂದಿದ್ದ ಬೆಂಗಳೂರು ಪ್ರೆಸ್ ಕ್ಯಾಲೆಂಡರನ್ನು ಮೊಳೆಯಿಂದ ಬಿಡಿಸಿ ತಂದು ಮೇಜಿನ ಮೇಲೆ ಹರವಿದರು.

ಊರಿನ ನಮ್ಮ ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಇದ್ದದ್ದು ಇಂಥ ಕ್ಯಾಲೆಂಡರಿನಲ್ಲೇ. ಅರ್ಧ ಲೀಟರಿಗೆ ಒಂದು ಗೆರೆ, ಹಾಲು ಬಾರದ ದಿನ ಸೊನ್ನೆ. ತಿಂಗಳ ಕೊನೆಗೆ ಹಾಲಿನವಳನ್ನು ಕೂರಿಸಿಕೊಂಡು ಅಮ್ಮ ಗೆರೆ ಎಣಿಸಿ ದುಡ್ಡು ಕೊಡುತ್ತಿದ್ದರು. ಈಗ ನನ್ನ ಮುಂದಿದ್ದ ಏಪ್ರಿಲ್ ಹಾಳೆಯಲ್ಲೂ ತಾರೀಖಿನ ಮನೆಗಳಲ್ಲಿ ಪೆನ್ಸಿಲ್ಲಿನ ಸಣ್ಣ ಸಣ್ಣ ಗೆರೆಗಳಿದ್ದವು. 14ರಲ್ಲಿ ಮೂರು. 15ರಲ್ಲಿ ಎರಡು. 16ರಲ್ಲಿ ನಾಲ್ಕು.

"ಏನಮ್ಮ ಇದು? ಇಲ್ಲಿ ಹಾಲಿನವಳು ಬರಲ್ವಲ್ಲ" ಅಂದೆ.

"ನೀನು ರಾತ್ರಿ ಎದ್ದಿದ್ದು" ಅಂದರು ಅಮ್ಮ. "ಹಾಲಿನವಳು ಒಂದು ದಿನ ತಪ್ಪಿಸಿದ್ರೂ ನಂಗೆ ಲೆಕ್ಕ ಸಿಕ್ತಿತ್ತು. ಪಕ್ಕದಲ್ಲೇ ಮಲಗಿದ್ದೀನಿ, ನೀನು ಎದ್ದು ಬಂದಿದ್ದು ಸಿಗಲ್ವಾ? ನಿಂಗೆ ಬೆಳಿಗ್ಗೆ ನೆನಪೇ ಇರಲ್ಲ. ನಿದ್ದೆಗಣ್ಣಲ್ಲೇ ಬಂದು ಅದರ ಕಾಲು ನೀವಿ ಹೋಗ್ತೀಯ. ಡಾಕ್ಟರ ಹತ್ರ ಹೋದಾಗ ಹೇಳೋಣ ಅಂತ ಗುರುತು ಹಾಕಿಟ್ಟೆ."

ಇವರು ಎಣಿಸಿದರು. ಅಮ್ಮ ಬಂದಮೇಲೆ 22 ರಾತ್ರಿ. ಅದರಲ್ಲಿ 19 ರಾತ್ರಿ ಎರಡು ಗೆರೆ ಅಥವಾ ಅದಕ್ಕಿಂತ ಹೆಚ್ಚು. ಒಂದೇ ಒಂದು ಸೊನ್ನೆ ಇತ್ತು. ನಾನು ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತಾ ಕೂತಿದ್ದೆ. ಬೇರೆಯವರ ಒಂದೊಂದು ಗಂಟೆಯ ಓವರ್‌ಟೈಮನ್ನೂ ಬಿಡದೆ ಲೆಕ್ಕ ಹಾಕಿದವಳ ರಾತ್ರಿಗಳನ್ನು ಅವಳ ತಾಯಿ ಎಣಿಸಿಟ್ಟಿದ್ದರು.

ಮಾರನೇ ದಿನ ಶನಿವಾರ. ಒಂದು ಇಡೀ ದಿನ ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು ನೋಡೋಣ ಅಂತ ತೀರ್ಮಾನಿಸಿದೆವು. ನಾನು ಮಾಡುವುದು, ಇವರು ಬರೆದುಕೊಳ್ಳುವುದು.

ಸ್ಪ್ಲಿಂಟ್ ಹಾಕುವುದನ್ನು ಅಷ್ಟು ದಿನ ನಾನು ಒಂದು ಕೆಲಸ ಅಂತಲೇ ಎಣಿಸಿರಲಿಲ್ಲ. ಮೊದಲು ಹರಳೆಣ್ಣೆ ಹಚ್ಚಿ ಹಿಮ್ಮಡಿಯ ಹಿಂದಿನ ನರ ಸಡಿಲವಾಗುವವರೆಗೆ ನೀವಬೇಕು. ಎಣ್ಣೆ ಒರೆಸಬೇಕು. ಉದ್ದನೆಯ ಕಾಲುಚೀಲವನ್ನು ಒಂದು ಸುಕ್ಕೂ ಇಲ್ಲದಂತೆ ಎಳೆಯಬೇಕು, ಸುಕ್ಕು ಉಳಿದರೆ ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಬೊಬ್ಬೆ ಏಳುತ್ತದೆ. ಮೊಣಕಾಲು ಮಡಿಸಿ ಹಿಡಿದು ಹಿಮ್ಮಡಿಯನ್ನು ಪ್ಲಾಸ್ಟಿಕ್ಕಿನ ತಳಕ್ಕೆ ಒತ್ತಿ ಕೂರಿಸಬೇಕು. ಅದು ಕೂರದೆ ಪಟ್ಟಿ ಬಿಗಿದರೆ ಪಾದ ಮೇಲಕ್ಕೆ ಜಾರಿ ಬರುತ್ತದೆ, ಮತ್ತೆ ಮೊದಲಿಂದ. ಅವತ್ತು ಎಡಗಾಲು ಎರಡು ಸಲ ಜಾರಿತು. ಎರಡೂ ಕಾಲು ಮುಗಿದಾಗ ಇವರು ಓದಿದರು: 24 ನಿಮಿಷ. ಆರು ವರ್ಷದ ಬೇರೆ ಮಗು ತಾನೇ ಕಾಲುಚೀಲ ಎಳೆದುಕೊಂಡು ಓಡುತ್ತದೆ.

ಟಾಯ್ಲೆಟ್ಟಿಗೆ ಎತ್ತಿ ಕೂರಿಸಿ ಹಿಡಿದುಕೊಂಡಿರುವುದು, ಮೆಟ್ಟಿಲಿನ ಮೇಲೆ ಕೆಳಗೆ ಹೊತ್ತು ಓಡಾಡುವುದು, ಸ್ನಾನ, ವ್ಯಾಯಾಮ, ಬೀಳುವ ಮುಂಚೆ ಹೋಗಿ ಹಿಡಿದುಕೊಳ್ಳುವುದು ಎಲ್ಲವನ್ನೂ ಬರೆದುಕೊಂಡರು. ಸಂಜೆಗೆ ನಾಲ್ಕು ಗಂಟೆ ದಾಟಿತ್ತು. ಇವರು ಪೆನ್ನು ಕೆಳಗಿಟ್ಟು, "ನಾನು ಆಫೀಸಿಗೆ ಹೋದಮೇಲೆ ಇಷ್ಟೆಲ್ಲ ಇರುತ್ತೆ ಅಂತ ನಂಗೆ ಗೊತ್ತಿರಲಿಲ್ಲ ಕಣೇ" ಅಂದರು. ಅದಕ್ಕೆ ಏನು ಹೇಳಬೇಕೋ ನನಗೆ ತೋಚಲಿಲ್ಲ.

ರಾತ್ರಿ ಅನ್ನುವುದಕ್ಕೂ ಡಿಎಲ್‌ಎಯಲ್ಲಿ ಒಂದು ಅಳತೆ ಇದೆ. ಮಗು ಮಲಗಿದ ಹೊತ್ತಲ್ಲ, ಮನೆಯ ದೊಡ್ಡವರೆಲ್ಲ ದೀಪ ಆರಿಸಿ ಮಲಗಿದ ಮೇಲಿನದು ರಾತ್ರಿ. ಆಮೇಲೆ ಎರಡು ಸಲ ಎದ್ದು ನೋಡಬೇಕಾದರೆ, ಇಲ್ಲವೇ ಒಂದೇ ಸಲ ಎದ್ದರೂ 20 ನಿಮಿಷ ಬೇಕಾದರೆ ಅದು ಲೆಕ್ಕಕ್ಕೆ ಬರುತ್ತದೆ. ಆ ರಾತ್ರಿ 12.40ಕ್ಕೆ ಕಾಲು ಸೆಟೆದುಕೊಂಡು ಕೂಗಿದಳು. ಮತ್ತೆ 2.15. ಮತ್ತೆ 4.05. ಮೂರನೇ ಸಲ ಅವಳಿಗೆ ಮತ್ತೆ ನಿದ್ದೆ ಹತ್ತಲು 35 ನಿಮಿಷ ಬೇಕಾಯಿತು. ಕತ್ತಲಲ್ಲಿ ಅಮ್ಮ ತಲೆದಿಂಬಿನ ಕೆಳಗಿನ ಪೆನ್ಸಿಲ್ಲಿಗೆ ಕೈ ಹಾಕಿದ್ದು ಆ ಸಲ ನನಗೆ ಕಾಣಿಸಿತು.

ಭಾನುವಾರ ಓಡಾಟದ ಲೆಕ್ಕ. ಎಷ್ಟು ಮೀಟರ್ ನಡೆಯುತ್ತಾಳೆ, ಎಷ್ಟು ನಿಮಿಷ, ಹೇಗೆ ನಡೆಯುತ್ತಾಳೆ, ನೋವು ಬಂದಮೇಲೆ ಏನಾಗುತ್ತದೆ ಎಲ್ಲ ಬರೆಯಬೇಕು. ಮಿಲ್ಟನ್ ಕೀನ್ಸ್‌ನಲ್ಲಿ ಕಾರಿನ ರಸ್ತೆಗಳಿಗೆ ತಾಗದ ಹಾಗೆ ನಡೆಯುವವರಿಗೆ, ಸೈಕಲ್ಲಿಗೆ ಅಂತ ಕೆಂಪು ಹಾದಿಗಳಿವೆ, ರೆಡ್‌ವೇ ಅನ್ನುತ್ತಾರೆ. ಮನೆಯ ಹಿಂದಿನ ರೆಡ್‌ವೇ ಪಕ್ಕದಲ್ಲಿ ಚೆರ್ರಿ ಮರಗಳ ಸಾಲಿದೆ. ಪುಟ್ಟಿಗೆ ಇದು ಪರೀಕ್ಷೆ ಅಂತ ಹೇಳಲಿಲ್ಲ, ನಡೆದು ತೋರಿಸು ಅಂದೆವು, ಅಷ್ಟೇ. ಮೊದಲನೇ ಮರದ ಹತ್ತಿರ ನಿಂತಳು. ಎರಡನೆಯದರ ಹತ್ತಿರ ನಿಂತು ವಾಕರಿನ ಮೇಲೆ ಹಣೆ ಇಟ್ಟುಕೊಂಡಳು. ಮೊಣಕಾಲುಗಳು ಒಂದಕ್ಕೊಂದು ತಾಗುತ್ತಿದ್ದವು, ಬಲಗಾಲಿನ ಬೆರಳು ನೆಲ ಕೆರೆಯುತ್ತಿತ್ತು. "ಸಾಕು ಪುಟ್ಟಿ" ಅಂತ ನಾನು ಹೋಗಿ ಎತ್ತಿಕೊಳ್ಳುವಷ್ಟರಲ್ಲಿ ಮತ್ತೆ ಹೊರಟಳು. ಮೂರನೇ ಮರ ಮುಟ್ಟಿ, "ಅಜ್ಜೀ! ಮೂರನೇ ಮರ! ನೋಡಿದ್ರಾ?" ಅಂತ ಕೂಗಿದಳು. ಅಮ್ಮ ಚಪ್ಪಾಳೆ ತಟ್ಟಿದರು. ಇವರು ಟೇಪು ಹಿಡಿದು ಅಳೆದರು. 32 ಮೀಟರ್. ಐದು ನಿಮಿಷ 40 ಸೆಕೆಂಡ್. ಮನೆಗೆ ಹೊತ್ತುಕೊಂಡೇ ಬಂದೆವು.

ಆ 32 ಮೀಟರನ್ನು ಫಾರ್ಮಿನಲ್ಲಿ ಬರೆಯುವಾಗ ನನ್ನ ಕೈ ಮತ್ತೆ ನಿಂತಿತು. ಅವಳು ಗೆದ್ದು ಬಂದ ದೂರವನ್ನು ನಾನು ಅವಳ ಕೈಲಾಗದ್ದಕ್ಕೆ ಪುರಾವೆ ಅಂತ ಬರೆಯಬೇಕಿತ್ತು. ಪುಟಪುಟಕ್ಕೂ ಆಗುವುದಿಲ್ಲ, ಬರುವುದಿಲ್ಲ, ಬೀಳುತ್ತಾಳೆ. ಕೆಟ್ಟದ್ದನ್ನು ಬಾಯಲ್ಲಿ ಆಡಬೇಡ, ಅಸ್ತು ದೇವತೆಗಳು ಅಸ್ತು ಅಂದುಬಿಡ್ತಾರೆ ಅಂತ ಕೇಳಿಕೊಂಡು ಬೆಳೆದವಳು ನಾನು. ಊರಿನ ನೆಂಟರು ಫೋನ್ ಮಾಡಿದಾಗೆಲ್ಲ "ಚೆನ್ನಾಗಿದ್ದಾಳೆ, ಸುಧಾರಿಸ್ತಿದ್ದಾಳೆ" ಅಂತ ಆರು ವರ್ಷ ಹೇಳಿದ್ದೇನೆ. ಲಕೋಟೆ ಎಂಟು ದಿನ ಫ್ರಿಜ್ ಮೇಲೆ ಕೂತಿದ್ದು ಇದಕ್ಕೇ.

ಅಮ್ಮನಿಗೆ ಹೇಳಿದೆ. ಆ ಮಾತು ನನಗೆ ಕಲಿಸಿದವರು ಅವರೇ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದೆ ಆಗೋದನ್ನ ಆಡಿದ್ರೆ ಅಸ್ತು ಅಂತಾರೆ. ಇದು ಆಗಲೇ ಆಗಿರೋದು. ಇರೋದನ್ನ ಇದ್ದ ಹಾಗೆ ಬರಿ. ಹೆಚ್ಚಿಗೆ ಬರೀಬೇಡ, ಕಮ್ಮಿಯೂ ಬರೀಬೇಡ" ಅಂದರು. ಸೋಮವಾರ ಇಲ್ಲಿ ಸಾರ್ವಜನಿಕ ರಜೆ. ಆ ಇಡೀ ದಿನ ಕೂತು ಬರೆದೆ. ಬಹುಪಾಲು ದಿನ ಹೇಗಿರುತ್ತದೋ ಹಾಗೆ, ಕಷ್ಟದ ದಿನ ವಾರದಲ್ಲಿ ಎಷ್ಟು ಅಂತ ಬೇರೆಯಾಗಿ. ಕ್ಯಾಲೆಂಡರಿನ ಏಪ್ರಿಲ್ ಹಾಳೆಯ ಫೋಟೋ ಪ್ರತಿ, ಗೆರೆ ಅಂದರೆ ಏನು ಅನ್ನುವ ಒಂದು ಸಾಲು, ಶಾಲೆಯವರ ಮತ್ತು ಫಿಸಿಯೋ ಅವರ ಪತ್ರಗಳನ್ನು ಜೊತೆಗಿಟ್ಟೆ.

ಅಮ್ಮನಿಗೆ ಇನ್ನೊಂದು ಅರ್ಥವಾಗಿರಲಿಲ್ಲ. "ಪರ್ಸೆಂಟ್ ಎಷ್ಟು ಅಂತ ಎಲ್ಲಿ ಬರೀತಾರೆ?" ಅಂತ ಕೇಳಿದರು. ಭಾರತದಲ್ಲಿ 2016ರ ಕಾಯ್ದೆಯ ಪ್ರಕಾರ ಬಹಳ ಸೌಲಭ್ಯಗಳಿಗೆ ಕನಿಷ್ಠ ಶೇಕಡಾ 40ರಷ್ಟು ವೈಕಲ್ಯ ಇದೆಯೆಂದು ವೈದ್ಯರು ಬರೆದುಕೊಡಬೇಕು, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಲ್ಲೂ ಅದೇ ನಮೂದಾಗುತ್ತದೆ. ಅಮ್ಮನಿಗೆ ಪರಿಚಯವಿದ್ದದ್ದು ಅದು. ಇಲ್ಲಿ ದೇಹಕ್ಕೆ ಪರ್ಸೆಂಟ್ ಹಾಕುವುದಿಲ್ಲಮ್ಮ, ನೋಡಿಕೊಳ್ಳುವವರ ಕೈಗೆ ಎಷ್ಟು ಕೆಲಸ ಅಂತ ಕೇಳುತ್ತಾರೆ ಅಂದೆ. ಅಮ್ಮ ತಲೆಯಾಡಿಸಿದರು. ನನಗಂತೂ ಈ ಪ್ರಶ್ನೆಯೇ ಸರಿ ಅನಿಸುತ್ತದೆ. ಅದನ್ನು ಉತ್ತರಿಸುವ ಹೊರೆ ತಾಯಂದಿರ ಮೇಲೆ ಇಷ್ಟು ಬೀಳಬಾರದು ಅಂತಲೂ ಅನಿಸುತ್ತದೆ.

ರಾತ್ರಿ ಅಂದಾಜನ್ನು ಹೊಸದಾಗಿ ಹಾಕಿದೆವು. ಹಗಲೂ ರಾತ್ರಿಯೂ ಆರೈಕೆ ಬೇಕು, ಆದ್ದರಿಂದ 110.40. ನಡೆಯಲಾಗದ ಮಟ್ಟಿಗೇ ಇದೆ ಅಂತ ಒಪ್ಪಿದರೆ 77.05. ವಾರಕ್ಕೆ 187.45, ನಾಲ್ಕು ವಾರಕ್ಕೆ 749.80. ಶುಕ್ರವಾರ ನಾನು ಹೇಳಿದ ಲೆಕ್ಕಕ್ಕೂ ಇದಕ್ಕೂ ವರ್ಷಕ್ಕೆ 6,710 ಪೌಂಡ್ ವ್ಯತ್ಯಾಸ. ಆರೈಕೆಯಲ್ಲಿ ಮಧ್ಯದ ಹಂತ ಸಿಕ್ಕರೂ ಸಾಕು, ವಾರಕ್ಕೆ 35 ಗಂಟೆ ನೋಡಿಕೊಳ್ಳುವವಳಾಗಿ ನಾನು ಕೇರರ್ಸ್ ಅಲೋವೆನ್ಸ್‌ಗೂ ಅರ್ಜಿ ಹಾಕಬಹುದು, ಅದು ಆಗ ವಾರಕ್ಕೆ 83.30 ಇತ್ತು. ಕೆಳಗಿನ ಹಂತವಾದರೆ ಅದರ ಬಾಗಿಲೂ ಮುಚ್ಚುತ್ತದೆ.

ಶ್ರಾವಣದಲ್ಲಿ ಪತ್ರ ಬಂತು. ಎರಡೂ ಮೇಲಿನ ಹಂತ, ಐದು ವರ್ಷಕ್ಕೆ. ಮೊದಲು ಫೋನ್ ಮಾಡಿದ ದಿನದಿಂದ ಲೆಕ್ಕ ಹಾಕಿದ್ದರು. ಮೊದಲ ಹಣದಲ್ಲಿ ಮೆಟ್ಟಿಲಿಗೂ ಬಚ್ಚಲಿಗೂ ಹಿಡಿಕೆ ಹಾಕಿಸಿದೆವು.

ಅಮ್ಮ ಊರಿಗೆ ಹೋಗಿ ತಿಂಗಳಾಯಿತು. ಕ್ಯಾಲೆಂಡರ್ ಇಲ್ಲೇ ಬಿಟ್ಟು ಹೋಗಿದ್ದಾರೆ. ಮೊನ್ನೆ ಹಾಳೆ ತಿರುವುತ್ತಿದ್ದಾಗ ಗೆರೆಗಳ ಪಕ್ಕದಲ್ಲಿ ಅವರ ಅಕ್ಷರ ಕಣ್ಣಿಗೆ ಬಿತ್ತು. ಮೇ 4ರಲ್ಲಿ, "ಪುಟ್ಟಿ 3ನೇ ಮರ". ಜುಲೈ 19ರಲ್ಲಿ, "4ನೇ ಮರ". ಅದರ ಕೆಳಗೆ ಐದು ಗೆರೆ.