ಆರು ತೂತು, ನಾಲ್ಕು ಬೋಲ್ಟು

ಜನವರಿ ಕೊನೆಯ ವಾರ. ರೊಬಸ್ಟಾ ಕಾಫಿ ಕುಯ್ಲು ಜೋರಾಗಿತ್ತು. ಸಕಲೇಶಪುರದ ಕಡೆ ಈ ಸಮಯದಲ್ಲಿ ಯಾರ ಕೈಗೂ ಬಿಡುವಿಲ್ಲ, ಗಾಡಿಗಂತೂ ಮೊದಲೇ ಇಲ್ಲ. ತೋಟದ ಮೇಲಿನ ತುಂಡಿನಿಂದ ಹಣ್ಣಿನ ಚೀಲ ತುಂಬಿಕೊಂಡು ಬಂದ ನಮ್ಮ ಡ್ರೈವರ್ ಕಣದಲ್ಲಿ ಪಿಕಪ್ ನಿಲ್ಲಿಸಿ, "ಸಾರ್, ಫೋರ್ ವೀಲ್ ಲಿವರ್ ಕುಣೀತಿದೆ" ಅಂದರು.

ಅದು ಮೊದಲಿಂದಲೂ ಸ್ವಲ್ಪ ಕುಣಿಯುತ್ತಿತ್ತು. ಹಳೆ ಗಾಡಿ, ಕುಣಿಯಲಿ ಬಿಡಿ ಅಂತ ನಾನೂ ಸುಮ್ನಿದ್ದೆ. ಆದರೆ ಆವತ್ತು ಹಳ್ಳದ ಏರಿನಲ್ಲಿ ಕೆಳಗಿಂದ ಠಣ್ ಠಣ್ ಅಂತ ಶಬ್ದ ಬೇರೆ ಬಂತಂತೆ. ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಅದರ ತುದಿಯ ಕೀಲು, ಹೋಗಿರಬೇಕು ಅಂದುಕೊಂಡು ಗೋಣಿಚೀಲ ಹಾಸಿ ಗಾಡಿ ಕೆಳಗೆ ಮಲಗಿದೆ. ಶಾಫ್ಟ್ ಹಿಡಿದು ತಿರುಚಿದೆ, ಕ್ರಾಸ್ ಗಟ್ಟಿಯಾಗಿಯೇ ಇತ್ತು. ಏಳುವಾಗ ಆಸರೆಗೆ ಅಂತ ಟ್ರಾನ್ಸ್‌ಫರ್ ಕೇಸಿಗೆ ಕೈ ಕೊಟ್ಟೆ ನೋಡಿ, ಮಕ್ಕಳ ಹಾಲುಹಲ್ಲಿನ ಹಾಗೆ ಅಲ್ಲಾಡಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಫೋರ್ ವೀಲ್ ಗಾಡಿಯಲ್ಲಿ ಗೇರ್ ಬಾಕ್ಸಿನ ಬೆನ್ನಿಗೆ ಇನ್ನೊಂದು ಡಬ್ಬ ಅಂಟಿಕೊಂಡಿರುತ್ತದೆ, ಅದೇ ಟ್ರಾನ್ಸ್‌ಫರ್ ಕೇಸ್. ಇಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಕ್ಕೊಂದು ಶಾಫ್ಟ್, ಹಿಂದಿನ ಚಕ್ರಕ್ಕೊಂದು ಶಾಫ್ಟ್ ಅಂತ ಹಂಚುವುದು ಅದರ ಕೆಲಸ. ಲೋ ಗೇರ್ ಹಾಕಿದರೆ ಎಳೆತ ಎರಡು ಪಟ್ಟಿಗೂ ಜಾಸ್ತಿ ಆಗುತ್ತದೆ, ಆ ಜಗ್ಗಾಟವನ್ನೆಲ್ಲ ತಡೆಯಬೇಕಾದ್ದು ಈ ಡಬ್ಬವನ್ನು ಹಿಡಿದಿರುವ ಬೋಲ್ಟುಗಳು. ನಮ್ಮ ಗಾಡಿಯಲ್ಲಿ ಆರು ತೂತು. ಟಾರ್ಚ್ ಹಿಡಿದು ಎಣಿಸಿದರೆ ನಾಲ್ಕೇ ಬೋಲ್ಟು! ಆ ನಾಲ್ಕೂ ಕೈಯಲ್ಲೇ ತಿರುಗುವಷ್ಟು ಸಡಿಲ. ಜಾಯಿಂಟಿನಿಂದ ಗೇರ್ ಆಯಿಲ್ ಸೋರಿ, ಅದಕ್ಕೆ ಧೂಳು ಮೆತ್ತಿ ಕರಿ ಗಸಿಯಾಗಿತ್ತು. ಕೆಳಗೆ ಭಾರ ಹೊರುವ ಮೌಂಟಿಂಗ್ ರಬ್ಬರ್ ಸೀಳಿಹೋಗಿತ್ತು. ಅಂದರೆ ಆ ಭಾರವೂ ಈ ನಾಲ್ಕರ ಮೇಲೆಯೇ.

ಹಿಂದಿನ ವರ್ಷ ಕ್ಲಚ್ ಪ್ಲೇಟ್ ಬದಲಾಯಿಸುವಾಗ ಇದನ್ನೆಲ್ಲ ಬಿಚ್ಚಿದ್ದರು. ಮತ್ತೆ ಹಾಕುವಾಗ ಎಷ್ಟು ಹಾಕಿದರು, ಏನು ಹಾಕಿದರು, ನಾನು ನೋಡಿದವನಲ್ಲ. ಈಗ ಹೋಗಿ ಕೇಳಿದರೆ ಯಾರು ಒಪ್ಪುತ್ತಾರೆ?

ಮೆಕ್ಯಾನಿಕ್ಕಿಗೆ ಫೋನ್ ಮಾಡಿದರೆ ವಾರ ಆಗುತ್ತೆ ಅಂದ. ಕುಯ್ದ ಹಣ್ಣನ್ನು ಚೀಲದಲ್ಲೇ ಬಿಟ್ಟರೆ ಬಿಸಿಯೇರಿ ಕೆಡುತ್ತದೆ, ಅವತ್ತೇ ಕಣಕ್ಕೆ ಸುರಿಯಬೇಕು. ಪಕ್ಕದ ತೋಟದವರ ಟ್ರ್ಯಾಕ್ಟರ್ ಬೇಡಿಕೊಂಡೆ. ಬೋಲ್ಟು ತಾನೇ, ನಾವೇ ಹಾಕೋಣ ಅಂತ ತೀರ್ಮಾನವಾಯಿತು.

ಇಲ್ಲೇ ನಾನು ಬುದ್ಧಿವಂತಿಕೆ ಮಾಡಿದ್ದು. ಮಾದರಿಗೆ ಒಂದು ಬೋಲ್ಟು ಬೇಕಲ್ವಾ, ನಾಲ್ಕರಲ್ಲಿ ಸುಲಭವಾಗಿ ಕೈಗೆ ಸಿಕ್ಕಿದ್ದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅದರ ತಲೆ 17ರ ಸ್ಪ್ಯಾನರಿನದು, ಉಳಿದ ಮೂರರ ತಲೆ 14ರದ್ದು. ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಸಕಲೇಶಪುರದ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯವರು ಮಾದರಿಗೆ ಒಂದು ನಟ್ಟು ತಿರುಗಿಸಿ ನೋಡಿ, "ಹತ್ತು ಎಂಎಂ, ಮಾಮೂಲಿದು" ಅಂದು ತಕ್ಕಡಿಯಲ್ಲಿ ತೂಗಿ ಎಂಟು ಬೋಲ್ಟು ಕೊಟ್ಟರು. ಎರಡು ಜಾಸ್ತಿಯೇ ಇರಲಿ ಅಂತ ನಾನೇ ಹೇಳಿದ್ದೆ.

ಮನೆಗೆ ಬಂದು ಖಾಲಿ ತೂತಿಗೆ ಹಾಕಿದರೆ ಮೂರು ಸುತ್ತು ಹೋಗಿ ನಿಂತಿತು. ಇನ್ನೊಂದು ತೂತು, ಅಲ್ಲೂ ಅಷ್ಟೇ. ತುಕ್ಕು ಇರಬೇಕು ಅಂತ ಡೀಸೆಲ್ ಹಾಕಿ ತೊಳೆದೆ. ಆಗಲೂ ಮೂರೇ ಸುತ್ತು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆಯೋಣ ಅಂತ ಹೊರಟಾಗ ಡ್ರೈವರ್ ಕೈ ಹಿಡಿದರು. "ಬ್ಯಾಡ ಸಾರ್, ಅಲ್ಯೂಮಿನಿಯಂ ಅದು. ಥ್ರೆಡ್ ಎದ್ದು ಬರುತ್ತೆ."

ಆಮೇಲೆ ಕೂತು ನೋಡಿದ್ದು. 14ರ ತಲೆಯ ಬೋಲ್ಟೊಂದನ್ನು ಬಿಚ್ಚಿ, ಒರೆಸಿ, ಎರಡನ್ನೂ ಪಕ್ಕಪಕ್ಕ ಹಿಡಿದೆವು. ದಪ್ಪ ಒಂದೇ. ಆದರೆ ಒಂದರ ಥ್ರೆಡ್ಡನ್ನು ಇನ್ನೊಂದರ ಥ್ರೆಡ್ಡಿಗೆ ಒತ್ತಿ ಬೆಳಕಿಗೆ ಹಿಡಿದರೆ ಹಲ್ಲಿಗೆ ಹಲ್ಲು ಕೂರುತ್ತಿಲ್ಲ. ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ತಂದು ಹತ್ತತ್ತು ಸುತ್ತು ಅಳೆದೆ. ಅಂಗಡಿಯದು 15 ಮಿ.ಮೀ., ಗಾಡಿಯದು ಹನ್ನೆರಡೂವರೆ. ಅಂದರೆ ಸುತ್ತಿನಿಂದ ಸುತ್ತಿಗೆ ಅಂತರ ಒಂದರದ್ದು 1.5, ಇನ್ನೊಂದರದ್ದು 1.25. ಕಾಲು ಮಿಲಿಮೀಟರ್ ವ್ಯತ್ಯಾಸ! ಹತ್ತು ಎಂಎಂ ಬೋಲ್ಟಿನಲ್ಲಿ 1.5 ಮಾಮೂಲಿ ಥ್ರೆಡ್, 1.25 ಫೈನ್ ಥ್ರೆಡ್. ನಾನು ಮಾದರಿಗೆ ಅಂತ ಒಯ್ದಿದ್ದು ಈ ಗಾಡಿಯ ಬೋಲ್ಟೇ ಅಲ್ಲ. ಯಾರೋ ಆ ತೂತಿಗೆ ಜಬರ್ದಸ್ತಿಯಿಂದ ತುರುಕಿದ ಮಾಮೂಲಿ ಬೋಲ್ಟು. ಇದ್ದ ಮೂರು ಸರಿಯಾದ್ದನ್ನು ಬಿಟ್ಟು ತಪ್ಪಾದದ್ದನ್ನೇ ಹುಡುಕಿ ಒಯ್ದಿದ್ದೆ.

ಇನ್ನೊಂದು ವಿಷಯವೂ ಆಗಲೇ ಕಂಡಿದ್ದು. ಒರಿಜಿನಲ್ ಬೋಲ್ಟಿನ ತಲೆಯ ಮೇಲೆ 8.8 ಅಂತ ಅಚ್ಚಿತ್ತು. ನಾನು ತಂದದ್ದರ ತಲೆಯ ಮೇಲೆ 4.6. ಇದು ಸುಮ್ನೆ ಹಾಕುವ ನಂಬರ್ ಅಲ್ಲ. 8.8 ಅಂದರೆ ಚದರ ಮಿಲಿಮೀಟರಿಗೆ ಸುಮಾರು 80 ಕೆ.ಜಿ. ಎಳೆತದವರೆಗೂ ಕಡಿಯುವುದಿಲ್ಲ. ಚುಕ್ಕಿಯ ಆಚೆಯ 8 ಅಂದರೆ ಅದರ 80 ಪರ್ಸೆಂಟ್‌ವರೆಗೆ ಎಳೆದರೂ ಬಿಟ್ಟಾಗ ಮೊದಲಿನ ಉದ್ದಕ್ಕೆ ಬರುತ್ತದೆ, ದಾಟಿದರೆ ಹಿಗ್ಗಿ ಹಾಗೇ ಉಳಿಯುತ್ತದೆ. 4.6ರದ್ದು ಇದರ ಅರ್ಧ ಶಕ್ತಿ. ಗೇಟಿಗೆ, ತಗಡಿನ ಶೆಡ್ಡಿಗೆ ಸಾಕು.

ಮಾರನೇ ದಿನ ಹಾಸನ. ನಲವತ್ತು ಕಿಲೋಮೀಟರ್ ಬಸ್ಸು, ಜೇಬಿನಲ್ಲಿ ಈ ಸಲ ಸರಿಯಾದ ಬೋಲ್ಟು. ಮೂರು ಅಂಗಡಿ ತಿರುಗಿದೆ. ಎಚ್‌ಟಿ (ಹೈ ಟೆನ್ಸೈಲ್, ಅಂದರೆ 8.8ರಂಥ ಗಟ್ಟಿ) ಬೋಲ್ಟ್ ಇದೆ ಅಂದವರ ಹತ್ತಿರ ಫೈನ್ ಥ್ರೆಡ್ ಇಲ್ಲ, ಫೈನ್ ಥ್ರೆಡ್ ಇದ್ದವರ ಹತ್ತಿರ ಉದ್ದ ಸರಿಯಿಲ್ಲ. ನನಗೆ ಬೇಕಿದ್ದದ್ದು 35 ಮಿ.ಮೀ., ಸಿಕ್ಕಿದ್ದು 40. ಐದು ಮಿಲಿಮೀಟರಿನಲ್ಲಿ ಏನು ಮಹಾ ಅನ್ನಿಸುತ್ತೆ ಅಲ್ವಾ? ಆದರೆ ಈ ತೂತುಗಳು ಆರುಪಾರಾಗಿಲ್ಲ, ಒಳಗೆ ತಳ ಇದೆ. ಉದ್ದದ ಬೋಲ್ಟು ಹಾಕಿದರೆ ತುದಿ ತಳಕ್ಕೆ ಒತ್ತಿ ಕೈಗೆ ಗಟ್ಟಿ ಅನ್ನಿಸುತ್ತದೆ, ಡಬ್ಬ ಮಾತ್ರ ಬಿಗಿಯಾಗಿರುವುದಿಲ್ಲ. ಅಂಗಡಿಯವರು ವಾಷರ್ ಜೋಡಿಸಿ ಅಂದರು. ನಾನು ಕತ್ತರಿಸೋದೇ ವಾಸಿ ಅಂತ 40ರದ್ದನ್ನೇ ಕೊಂಡೆ.

ಬಸ್ ಸ್ಟ್ಯಾಂಡಿಗೆ ವಾಪಸ್ಸು ಬರುವಾಗ ಒಂದು ಗುಜರಿ ಅಂಗಡಿ. ಒಳಗೆ ಹಳೆ ಗೇರ್ ಬಾಕ್ಸುಗಳ ರಾಶಿ. ಸುಮ್ನೆ ಕೇಳಿ ನೋಡೋಣ ಅಂತ ಬೋಲ್ಟು ತೋರಿಸಿದೆ. ಅಲ್ಲಿದ್ದ ಹುಡುಗ ಒಂದು ಆಯಿಲ್ ಡಬ್ಬಿ ನನ್ನ ಮುಂದೆ ಬೋರಲು ಹಾಕಿದ. "ನೋಡ್ಕಳಿ ಅಣ್ಣ, ಸಿಕ್ರೆ ನಿಮ್ಮ ಪುಣ್ಯ." ಮುಕ್ಕಾಲು ಗಂಟೆ ಕೂತು ಹೆಕ್ಕಿದೆ. ಎರಡು ಸಿಕ್ಕವು. 14ರ ತಲೆ, 8.8, ಅದೇ ಥ್ರೆಡ್, ಅದೇ ಉದ್ದ. ಎರಡಕ್ಕೂ ಸೇರಿ ಇಪ್ಪತ್ತು ರೂಪಾಯಿ. ಆ ಹೊತ್ತಿಗೆ ಇನ್ನೂರು ಕೇಳಿದ್ದರೂ ಕೊಡುತ್ತಿದ್ದೆ.

ಮನೆಗೆ ಬಂದು ಡಬ್ಬ ಇಳಿಸಿದೆವು. ಶಾಫ್ಟುಗಳನ್ನು ಬಿಚ್ಚಿ, ಆಯಿಲ್ ಬಸಿದು, ಜಾಕಿ ಮೇಲೆ ಹಲಗೆ ಇಟ್ಟು ಮೆಲ್ಲಗೆ ಹಿಂದಕ್ಕೆ ಎಳೆದೆವು. ತಪ್ಪು ಬೋಲ್ಟು ಇದ್ದ ತೂತಿನೊಳಗೆ ಬೆರಳು ಹಾಕಿದರೆ ಥ್ರೆಡ್ಡೇ ಇಲ್ಲ, ಅಲ್ಯೂಮಿನಿಯಂ ಪುಡಿ ಬಂತು. ಬೆಳಿಗ್ಗೆ ಪಕ್ಕದ ತೋಟದವರ ಜೀಪಿನಲ್ಲಿ ಅದನ್ನು ಲೇತ್ ಅಂಗಡಿಗೆ ಒಯ್ದೆ. ಅವರು ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಹೊಸ ಥ್ರೆಡ್ ಹೊಡೆದು, ಸ್ಪ್ರಿಂಗಿನಂಥ ಸ್ಟೀಲ್ ಸುರುಳಿಯೊಂದನ್ನು ಒಳಗೆ ತಿರುಗಿಸಿ ಕೂರಿಸಿದರು. ಹೆಲಿಕಾಯಿಲ್ ಅಂತಾರೆ. ಈಗ ಆ ತೂತು ಉಳಿದ ಐದಕ್ಕಿಂತ ಗಟ್ಟಿ.

ಮೂರು ಹಳೆಯವು, ಎರಡು ಗುಜರಿಯವು. ಇನ್ನೊಂದೇ ಬೇಕಿತ್ತು. 40ರದ್ದನ್ನು ವೈಸಿಗೆ ಕಚ್ಚಿಸಿ ಡ್ರೈವರ್ ಗರಗಸದಲ್ಲಿ ಕೊಯ್ದರು. ಕೊಯ್ಯುವ ಮುಂಚೆ ಒಂದು ನಟ್ಟು ತಲೆಯ ಕಡೆಗೆ ಏರಿಸಿಟ್ಟರು. ಕೊಯ್ದಾದ ಮೇಲೆ ನಟ್ಟನ್ನು ಹೊರಗೆ ತಿರುಗಿಸಿದರೆ ತುದಿಯ ಥ್ರೆಡ್ ತಾನೇ ಸರಿಯಾಗುತ್ತದೆ. ಎಚ್‌ಟಿ ಬೋಲ್ಟು, ಎರಡು ಬ್ಲೇಡು ತಿಂದಿತು. ಅದರ ತಲೆ 17ರದ್ದಾದ್ದರಿಂದ ಇಕ್ಕಟ್ಟಿನ ಜಾಗಕ್ಕೆ ಸ್ಪ್ಯಾನರ್ ಹೋಗುವುದಿಲ್ಲ, ಬದಿಯಲ್ಲಿ ಜಾಗ ಇದ್ದ ತೂತಿಗೆ ಅದನ್ನು ಇಟ್ಟುಕೊಂಡೆವು.

ಹೊಸ ಗ್ಯಾಸ್ಕೆಟ್, ಹೊಸ ಮೌಂಟಿಂಗ್ ರಬ್ಬರ್. ತೂತು, ಬೋಲ್ಟು ಎಲ್ಲ ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್ ಲಾಕ್, ಹಚ್ಚಿದೆವು, ಎಣ್ಣೆ ಜಿಡ್ಡಿದ್ದರೆ ಅದು ಹಿಡಿಯುವುದಿಲ್ಲ. ಕೆಂಪನ್ನು ಬೇಕಂತಲೇ ತರಲಿಲ್ಲ. ಅದನ್ನು ಹಚ್ಚಿದರೆ ಮುಂದೆ ಬಿಚ್ಚೋಕೆ ಬೆಂಕಿ ಹಿಡಿಯಬೇಕು. ಒಂದನ್ನೇ ಪೂರ್ತಿ ಬಿಗಿ ಮಾಡದೆ, ಎದುರುಬದುರು ಒಂದೊಂದಕ್ಕೆ ಸ್ವಲ್ಪ ಸ್ವಲ್ಪ ಬಿಗಿದೆವು. ಗೇರ್ ಆಯಿಲನ್ನು ತುಂಬುವ ತೂತಿನಿಂದ ತುಳುಕುವವರೆಗೆ ಹಾಕಿ ಮುಚ್ಚಿದೆವು.

ಕೊನೆಗೆ ಹೆಂಡತಿಯ ಉಗುರುಬಣ್ಣ ತಂದು ಪ್ರತಿ ಬೋಲ್ಟಿನ ತಲೆಯಿಂದ ಡಬ್ಬದ ಮೇಲಕ್ಕೆ ಒಂದೊಂದು ಗೆರೆ ಎಳೆದೆ. ಬೋಲ್ಟು ತಿರುಗಿದರೆ ಗೆರೆ ಮುರಿಯುತ್ತದೆ, ಸ್ಪ್ಯಾನರ್ ಹಾಕದೆಯೇ ಗೊತ್ತಾಗುತ್ತದೆ. ಡ್ರೈವರ್ ಟಾರ್ಚ್ ಹಿಡಿದುಕೊಂಡೇ ನಗುತ್ತಿದ್ದರು. "ಮದುವೆಗೆ ರೆಡಿ ಮಾಡ್ದಂಗಿದೆ."

ಅವತ್ತೇ ಸಂಜೆ ಮೇಲಿನ ತುಂಡಿಗೆ ಹೋದೆವು. ಲೋ ಗೇರಿನಲ್ಲಿ ಹಳ್ಳದ ಏರು ಹತ್ತುವಾಗ ಇಬ್ಬರೂ ಮಾತಾಡಲಿಲ್ಲ, ಲಿವರನ್ನೇ ನೋಡುತ್ತಿದ್ದೆವು. ಸ್ವಲ್ಪ ನಡುಗಿತು, ಕುಣಿಯಲಿಲ್ಲ. ಕುಯ್ಲು ಮುಗಿಯುವವರೆಗೆ ಪ್ರತಿ ಭಾನುವಾರ ಗಾಡಿ ಕೆಳಗೆ ಹೋಗಿ ಗೆರೆ ನೋಡಿದೆ. ಮೂರನೇ ವಾರ ಒಂದು ಗೆರೆ ಕೂದಲೆಳೆಯಷ್ಟು ಸರಿದಿತ್ತು, ನಾವು ಕೊಯ್ದು ಹಾಕಿದ ಆ 17ರ ತಲೆಯದ್ದು. ಬಿಚ್ಚಿ, ತೊಳೆದು, ಮತ್ತೆ ಹಚ್ಚಿ ಬಿಗಿದೆ. ಗುಜರಿಯ ಎರಡೂ ಇದ್ದಲ್ಲೇ ಇವೆ.