ಕ್ಯಾಸೆಟ್ ಕೆಟ್ಟೈತಿ ಅಂದಕೂಡ್ಲೆ ಚಿಪ್ಪಿಗೆ ಕೈ ಹಚ್ಚಬ್ಯಾಡ್ರಿ

ಹೋದ ತಿಂಗಳ ಅಟ್ಟದ ಮ್ಯಾಗಿನ ಟ್ರಂಕ್ ಇಳಿಸಿದ್ವಿ, ಅವ್ವನ ಒಂದು ಹಳೇ ಇಳಕಲ್ ಸೀರಿ ಹುಡುಕಾಕ. ಸೀರಿ ಸಿಗಲಿಲ್ಲ, ತಳದಾಗ ಒಂದು ಪ್ಲಾಸ್ಟಿಕ್ ಚೀಲದಾಗ ನಮ್ಮ ಟೀವಿ ಗೇಮಿನ ಕ್ಯಾಸೆಟ್ ಸಿಕ್ಕವು, ಎಣಿಸಿದ್ರ ಹನ್ನೊಂದು. ಆಲಮಟ್ಟಿ ಹಿನ್ನೀರಿನ ಸಂಬಂಧ ಹಳೇ ಬಾಗಲಕೋಟಿ ಮನಿ ಬಿಟ್ಟು ನವನಗರಕ್ಕ ಬಂದಾಗ ಗಂಟು ಕಟ್ಟಿದ್ ಚೀಲ ಅದು, ಅವತ್ತಿಂದ ಯಾರೂ ಬಿಚ್ಚೇ ಇಲ್ಲ. ಅವ್ವ "ಒಗೀ ಅತ್ಲಾಗ" ಅಂದ್ಳು. ನಾ ಒಗೀಲಿಲ್ಲ.

ಗೊತ್ತಿಲ್ಲದವ್ರಿಗೆ ಹೇಳ್ಬೇಕಂದ್ರ, ನಮ್ಮ ಕಡೆ ಮನಿಮನಿಯಾಗ ಇದ್ದ ಆ ಟೀವಿ ಗೇಮ್ ಎಲ್ಲಾ 1983ರಾಗ ನಿಂಟೆಂಡೊ ಜಪಾನಿನ್ಯಾಗ ಬಿಟ್ಟ ಫ್ಯಾಮಿಕಾಮ್ ಅನ್ನೋ ಗೇಮ್ ಮಶಿನ್ನಿನ ನಕಲು. ಕ್ಯಾಸೆಟ್ ಅಂತೀವಿ ಆದ್ರ ಒಳಗ ಟೇಪೂ ಇಲ್ಲ ರೀಲೂ ಇಲ್ಲ, ಒಂದು ಸಣ್ಣ ಬೋರ್ಡು, ಅದರ ತುದಿಗೆ 60 ಪಿನ್, ಅಷ್ಟ. ಹನ್ನೊಂದರಾಗ ಮೂರು ಹಾಕಿದಕೂಡ್ಲೆ ಓಡಿದ್ವು, ಉಳಿದವು ಒಂದೊಂದೂ ಒಂದೊಂದು ತರ ಆಟ ಆಡಿದ್ವು.

ಸಣ್ಣವ್ರಿದ್ದಾಗ ಎಲ್ಲಾರೂ ಮಾಡಿದ್ ತಪ್ಪು ಅಂದ್ರ ಊದೂದು. ಓಡಲಿಲ್ಲ ಅಂದ್ರ ತಗದು ಉಫ್ ಅಂತ ಊದಿ ಮತ್ತ ಹಾಕೂದು, ಓಡೂದು ಓಡತಿತ್ತು, ಆದ್ರ ಅದು ಊದಿದ್ದಕ್ಕಲ್ಲ, ತಗದು ಹಾಕಿದಾಗ ಪಿನ್ ಬ್ಯಾರೆ ಜಾಗಾದಾಗ ತಿಕ್ಕತಿತ್ತಲ್ಲ ಅದಕ್ಕ. ಬಾಯಿ ಹಸಿ ಹೋಗಿ ಪಿನ್ನಿಗೆ ಕೂತು ವರ್ಷಾನುಗಟ್ಟಲೆ ಹಸರು ಹಿಡದೈತಿ ಈಗ. ಮೊಬೈಲ್ ರಿಪೇರಿ ಅಂಗಡ್ಯಾಗ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಅಂತ ಕೇಳ್ರಿ ಕೊಡ್ತಾರ, 99 ಪರ್ಸೆಂಟಿಂದು, ಕಿವಿ ಕಡ್ಡಿಗೆ ಹಚ್ಚಿ ಕರೇದು ಬರೂದು ನಿಲ್ಲೂತನಕ ಒರಸ್ರಿ. ಮೆಡಿಕಲ್ಲಿನ 70ರದ್ದು ಬ್ಯಾಡ, ಅದ್ರಾಗ ನೀರ್ ಇರ್ತೈತಿ. ರಬ್ಬರ್ ಹಾಕಿ ತಿಕ್ಕೂದು ಕಡೀ ಉಪಾಯ, ಜೋರ ತಿಕ್ಕಿದ್ರ ಪಿನ್ ಮ್ಯಾಗಿನ ಚಿನ್ನದ ಲೇಪನಾನೂ ಕಿತ್ತ ಬರ್ತೈತಿ.

ಒರಸಿದ್ದಕ್ಕ ನಾಲ್ಕು ಎದ್ದು ಕೂತ್ವು. ಒಂದರಾಗ ಮಜಾ ಆತು, ಚಿತ್ರ ಛಲೋ ಬರ್ತೈತಿ, ಆಟಾನೂ ಆಡಾಕ ಬರ್ತೈತಿ, ಆದ್ರ ಸೌಂಡೇ ಇಲ್ಲ. ಟೀವಿದು ತಪ್ಪ ಅಂದ್ಕೊಂಡು ಅರ್ಧಾ ತಾಸು ವಯರ್ ಜಗ್ಗಾಡಿದೆ. ಆಮ್ಯಾಲೆ ನೆನಪಾತು, ಫ್ಯಾಮಿಕಾಮಿನ್ಯಾಗ ಸೌಂಡ್ ಸೀದಾ ಟೀವಿಗೆ ಹೋಗೂದಿಲ್ಲ, 45ನೇ ಪಿನ್ನಿಂದ ಕ್ಯಾಸೆಟ್ ಒಳಗ ಬಂದು 46ರಿಂದ ವಾಪಸ್ ಹೋಗ್ತೈತಿ. ಕ್ಯಾಸೆಟ್ಟಿನ್ಯಾಗ ಆ ಎರಡಕ್ಕೂ ಕೂಡಿಸಿ ಒಂದು ಗೆರಿ ಇರ್ತೈತಿ. ಆ ಎರಡ ಪಿನ್ನಿನ ಮ್ಯಾಗ ಸರಿಯಾಗಿ ಒರಸೇ ಇರಲಿಲ್ಲ ನಾನು. ಮತ್ತ ಒರಸಿದೆ, ಮ್ಯೂಸಿಕ್ ಬಂತು, ಒಳಗಿಂದ ಅವ್ವ "ಮತ್ತ ಸುರು ಆತಾ ಅದು" ಅಂದ್ಳು.

ಇನ್ನ ಕಾಂಟ್ರಾ ಅನ್ನೋ ಆಟದ ಕ್ಯಾಸೆಟ್. ಸೌಂಡ್ ಸರಿ, ಬಟನ್ ಒತ್ತಿದ್ರ ಆಟ ಮುಂದ ಹೊಂಟೈತಿ, ಆದ್ರ ಮನಷಾ ಇರೋ ಜಾಗಾದಾಗ ಅಕ್ಷರದ ತುಂಡು, ಗಿಡ ಇರೋ ಜಾಗಾದಾಗ ಪಟ್ಟಿ ಪಟ್ಟಿ. ಇಂಥಾ ರೋಗ ನೋಡಿದಾಗ ಖುಷಿ ಪಡಬೇಕು ನೀವು, ಯಾಕಂದ್ರ ಈ ಮಶಿನ್ನಿನ್ಯಾಗ ಪ್ರೋಗ್ರಾಮ್ ಓದೋ ಪಿನ್ ಬ್ಯಾರೆ, ಚಿತ್ರ ಓದೋ ಪಿನ್ ಬ್ಯಾರೆ. ಆಟ ನಡದೈತಿ ಅಂದ್ರ ಪ್ರೋಗ್ರಾಮ್ ಕಡೆ ಎಲ್ಲಾ ನೆಟ್ಟಗೈತಿ, ಹುಡುಕೋ ಜಾಗಾ ಅರ್ಧಾ ಕಡಿಮಿ ಆತು. ಮಲ್ಟಿಮೀಟರ್ ಬೀಪ್ ಮೋಡಿನ್ಯಾಗ ಇಟ್ಟು (ಗೆರಿ ಕೂಡಿದ್ರ ಬೀಪ್ ಅಂತೈತಿ) ಪಿನ್ನಿಂದ ಗೆರಿ ಹಿಡಕೊಂಡು ಹೋದೆ, ಒಂದು ಗೆರಿ ಬೀಪ್ ಅನ್ಲಿಲ್ಲ. ಮೊಬೈಲ್ ಕ್ಯಾಮೆರಾದಾಗ ಝೂಮ್ ಮಾಡಿ ನೋಡಿದ್ರ ಪಿನ್ನಿನ ಬುಡಕ್ಕ ಕೂದಲಿನಂಥಾ ಸೀಳು. ಸೊಟ್ಟ ತುರುಕಿ ತುರುಕಿ ಬಂದಿದ್ದು, ಯಾರ ಕೆಲಸ ಅಂತ ನಂಗ ಗೊತ್ತೈತಿ, ತಮ್ಮ ಓದಾಕತ್ತಿದ್ರ ಓದ್ಲಿ.

ಅದಕ್ಕ ಸಣ್ಣ ವಯರ್ ಬೇಕಾತು. ಆನ್‌ಲೈನ್ ಆರ್ಡರ್ ಮಾಡಿದ್ರ ವಾರ ಬೇಕು. ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ "ಕಾಕಾ, ಎಲ್ಲಾಕಿಂತ ಸಣ್ಣಂದು ಒಂದ್ ಮಾರು ಕೊಡ್ರಿ" ಅಂದೆ.

"ಯಾ ಮೋಟಾರಿಗೋ?"

"ಮೋಟಾರಿಗಲ್ರಿ, ಟೀವಿ ಗೇಮಿಗೆ."

ಕಾಕಾ ನನ್ನ ಗಡ್ಡ ನೋಡಿದ್ರು, ಗಡ್ಡದಾಗಿನ ಬಿಳಿ ಕೂದ್ಲಾ ನೋಡಿದ್ರು, ಫ್ಯಾನ್ ವೈಂಡಿಂಗಿನ ತಾಮ್ರದ ತಂತಿ ಒಂದ್ ಮಾರು ಕಡದು ಕೊಟ್ರು, ರೊಕ್ಕಾ ತಗೋಳಿಲ್ಲ. ತಂತಿ ಮ್ಯಾಲೆ ವಾರ್ನಿಷ್ ಇರ್ತೈತಿ, ಎರಡೂ ತುದಿ ಬ್ಲೇಡಿಲೆ ಕೆರಕೋಬೇಕು, ಇಲ್ಲಂದ್ರ ಸೋಲ್ಡರ್ ಹಿಡಿಯೂದಿಲ್ಲ. ಸೀಳಿನ ಆಚಿ ಈಚಿ ಕೂಡಿಸಿದೆ, ಮನಷಾ ಮನಷಾ ಆದ.

ಇನ್ನೊಂದು ಕ್ಯಾಸೆಟ್ ಹಾಕಿದ್ರ ಮಶಿನ್ನಿನ ಕೆಂಪು ಲೈಟ್ ಮಂಕ ಆಗ್ತಿತ್ತು. ಹಿಂಗಾದ್ರ ತಡಾ ಮಾಡ್ದ ಆಫ್ ಮಾಡ್ರಿ, ಇಲ್ಲಂದ್ರ ಒಳಗ 5 ವೋಲ್ಟ್ ಕೊಡೋ 7805 ರೆಗ್ಯುಲೇಟರ್ ಸುಟ್ಟು ಹೋದೀತು. ಕ್ಯಾಸೆಟ್ ಹೊರಗಿಟ್ಟು 5 ವೋಲ್ಟ್ ಪಿನ್ನಿಗೂ ಗ್ರೌಂಡಿಗೂ ನಡುವ ಓಮ್ಸ್ ಅಳದ್ರ ಹತ್ರಹತ್ರ ಸೊನ್ನಿ ಬಂತು, ಅಂದ್ರ ಎರಡೂ ಶಾರ್ಟ್ ಆಗ್ಯಾವ. ಅಲ್ಲೊಂದು 104 ಅಂತ ಬರದಿದ್ ಸಣ್ಣ ಸಿರಾಮಿಕ್ ಕೆಪ್ಯಾಸಿಟರ್ ಇತ್ತು, 0.1 ಮೈಕ್ರೋಫ್ಯಾರಡ್. ಒಂದ್ ಕಾಲು ಎತ್ತಿ ಮತ್ತ ಅಳದೆ, ಶಾರ್ಟ್ ಹೋತು, ಅದ ಕಳ್ಳ. ಹಳೇ ರೇಡಿಯೋ ಬೋರ್ಡಿನ್ಯಾಗಿಂದ ಒಂದು 104 ಕಿತ್ತು ಹಾಕಿದೆ, ಪುಕ್ಕಟೆ ಕೆಲಸ.

ಇಷ್ಟೆಲ್ಲಾ ಗೆದ್ದಮ್ಯಾಲೆ ತಲಿಗೆ ಗಾಳಿ ಹೊಕ್ಕತ್ರೀ. ಪುಣೆದಾಗಿರೋ ನಮ್ಮ ದೊಡ್ಡಪ್ಪನ ಮಗ ಅಣ್ಣಾಗ ಫೋನ್ ಮಾಡಿ ಕೊಚ್ಕೊಂಡೆ, ಅಂವಾ ಅವನ ಗೇಮ್ ಬಾಯ್ (ಕೈಯಾಗ ಹಿಡದು ಆಡೋ ನಿಂಟೆಂಡೊ ಮಶಿನ್) ಪೊಕೆಮಾನ್ ಗೋಲ್ಡ್ ಕ್ಯಾಸೆಟ್ ಕೊರಿಯರ್ ಮಾಡಿದ, ಅಸಲಿ ಮಾಲು, ಸೇವ್ ಆಗೂದಿಲ್ಲ ಅಂತ. ಜೋಡೀಲೆ ಗೇಮ್ ಬಾಯೂ ಕಳಿಸಿದ್ದ.

ಸ್ಕ್ರೂ ಬಿಚ್ಚಾಕ 3.8 ಎಂಎಂ ಗೇಮ್‌ಬಿಟ್ ಅನ್ನೋ ಬ್ಯಾರೆ ತರದ ಸ್ಕ್ರೂಡ್ರೈವರ್ ಬೇಕು, ನನ್ನ ಹತ್ರ ಇರಲಿಲ್ಲ, ಬಾಲ್‌ಪೆನ್ನಿನ ಹಿಂದಿನ ತುದಿ ಕಾಸಿ ಮೆತ್ತಗ ಮಾಡಿ ಸ್ಕ್ರೂ ಮ್ಯಾಲೆ ಒತ್ತಿ ಆರಾಕ ಬಿಟ್ಟು ತಿರುವಿದೆ, ಬಿಚ್ಚತು. ಒಳಗ ಸೇವ್ ಉಳಿಸೋ ಸಿಆರ್2025 ಬ್ಯಾಟರಿ 3 ವೋಲ್ಟ್ ಇರಬೇಕಿದ್ದದ್ದು 1.1 ತೋರಿಸ್ತು. ಗೋಲ್ಡಿನ್ಯಾಗ ಗಡಿಯಾರಾನೂ ಐತಿ, ನೀವು ಆಡ್ಲಿ ಬಿಡ್ಲಿ ಅದು ಬ್ಯಾಟರಿ ತಿಂತಿರ್ತೈತಿ. ಇಲ್ಲೀತನಕ ಎಲ್ಲಾ ಸರಿ. ಆಮ್ಯಾಲೆ ನಾ ಮಾಡಿದ್ದು ಶಾಣ್ಯಾತನ. ಬೋರ್ಡಿಗೆ ಬೆಸಿಯಾಕ ಲೋಹದ ಕಾಲು ಇರೋ ಬ್ಯಾಟರಿ ಸಿಗಲಿಲ್ಲ ಅಂತ ವಾಚ್ ಅಂಗಡಿಯಿಂದ ಬೋಳು ಬ್ಯಾಟರಿ ತಂದು ಹಳೇ ಕಾಲಿನ ನಡುವ ಇಟ್ಟು ಟೇಪ್ ಸುತ್ತಿದೆ. ಎರಡ ದಿನ ಸೇವ್ ಇತ್ತು, ಮೂರನೇ ದಿನ ಇಲ್ಲ.

ಅವಾಗ ಮೀಟರ್ ಹಿಡಿಯೂದು ಬಿಟ್ಟು, ಸೇವ್ ಇಟ್ಕೋಳೋ ಎಸ್‌ರ್ಯಾಮ್ ಚಿಪ್ ಹೋಗೈತಿ ಅಂತ ನಾನ ತೀರ್ಪು ಕೊಟ್ಟೆ. ಹೊಸಾದು ತರಿಸಿದೆ. 28 ಕಾಲಿನ ಚಿಪ್ಪು, ಹಾಟ್ ಏರ್ ಇಲ್ಲ, ಬರೇ ಸೋಲ್ಡರಿಂಗ್ ಐರನ್ನಿಲೆ ಕೀಳಾಕ ಹೋದೆ, 20ನೇ ಕಾಲಿನ ಜೋಡಿ ಬೋರ್ಡಿನ ಮ್ಯಾಗಿನ ತಾಮ್ರದ ಪ್ಯಾಡೂ ಎದ್ದು ಬಂತು. ಹೊಸಾ ಚಿಪ್ ಕೂಡ್ರಿಸಿ, ಹಾರಿದ್ ಪ್ಯಾಡಿಗೆ ಕಾಕಾನ ತಂತೀಲೆ ಸೇತುವಿ ಕಟ್ಟಿ ನೋಡಿದ್ರ ಸೇವ್ ಮತ್ತ ಹೋಗೈತಿ. ಅವಾಗ ಬುದ್ಧಿ ಬಂತು. ಗೇಮ್ ಬಾಯಿಂದ ಹೊರಗ ಇದ್ದಾಗ ಚಿಪ್ಪಿಗೆ ಕರೆಂಟ್ ಕೊಡೋ 14ನೇ, 28ನೇ ಕಾಲಿಗೆ ಮೀಟರ್ ಹಿಡದ್ರ ಬ್ಯಾಟರಿ ವೋಲ್ಟೇಜ್ ಹತ್ರಹತ್ರ ಬರಬೇಕು. ಹಿಡದು ಟೇಪ್ ಮ್ಯಾಲೆ ಬೆರಳ ಒತ್ತಿದೆ, 2.9. ಬೆರಳ ಎತ್ತಿದೆ, ಸೊನ್ನಿ. ಹಳೇ ಚಿಪ್ಪಿನ ತಪ್ಪು ಏನೂ ಇರಲಿಲ್ಲ, ಪಾಪ.

ಕಾಲು ಬೆಸದಿರೋ ಬ್ಯಾಟರಿ ತರಿಸಿ ಪ್ಲಸ್ ಮೈನಸ್ ಎರಡ ಸಲ ನೋಡಿ ಬೆಸದೆ. ಬೋಳು ಬ್ಯಾಟರಿಗೆ ಸೀದಾ ಐರನ್ ಇಡಬ್ಯಾಡ್ರಿ, ಕಾಸಿದ್ರ ಸಿಡೀತಾವ ಅವು.

ಕಡೀಗೆ ಎರಡು ಕ್ಯಾಸೆಟ್ ಹೋದ ಕಡೇನ ಉಳದ್ವು. ಅವು ಕರೇ ಡಾಂಬರ್ ಹನಿ ಬಿದ್ದಂಗಿರೋ ಬೋರ್ಡಿನವು, ಆ ಹನಿ ಬುಡಕ ಚಿಪ್ಪು ಬತ್ತಲೆ ಇರ್ತೈತಿ, ಕೂದಲಿಗಿಂತ ಸಣ್ಣ ತಂತೀಲೆ ಕೂಡಿಸಿರ್ತಾರ, ಅದು ಬಿಟ್ಟಿತಂದ್ರ ಮುಗೀತು. ಮ್ಯಾಗಿನ ಡಬ್ಬಿ ಮಾತ್ರ ಛಲೋ ಅದಾವ, ಒಗದಿಲ್ಲ.

ಅಣ್ಣನ ಕ್ಯಾಸೆಟ್ ಹೊಸಾ ಆಟ ಸುರು ಮಾಡಿದಾಗ ಟೈಮ್ ಎಷ್ಟು ಅಂತ ಕೇಳ್ತು, ರಾತ್ರಿ ಹತ್ತೂ ನಲವತ್ತು ಅಂತ ಒತ್ತಿ, ಸೇವ್ ಮಾಡಿ, ಕಪಾಟಿನ್ಯಾಗ ಇಟ್ಟೆ. ಹತ್ತು ದಿನ ಮುಟ್ಟಲಿಲ್ಲ. ನಿನ್ನೆ ತಗದ್ರ ಸೇವ್ ಐತಿ, ಗಡಿಯಾರ ಗ್ವಾಡಿ ಗಡಿಯಾರದ ಜೋಡಿ ನಡದೈತಿ. ಫೋನ್ ಹಚ್ಚಿದೆ.

"ನನ್ನ ಹಳೇ ಸೇವ್?"

"ಅದು ಬ್ಯಾಟರಿ ಜೋಡೀನ ಹೋಗೈತೋ ಅಣ್ಣಾ."

ಸ್ವಲ್ಪ ಹೊತ್ತು ಸುಮ್ನಿದ್ದ. ಆಮ್ಯಾಲೆ "ಮೊದಲನೇ ಪೊಕೆಮಾನ್ ನೀ ಆರಿಸೀಯೇನು ಮತ್ತ?" ಅಂದ.

ಆರಿಸಿಲ್ಲ, ಆಟದಾಗಿನ ಹುಡುಗನ್ನ ಬಾಗಿಲ ಮುಂದ ನಿಲ್ಲಿಸಿ ಸೇವ್ ಮಾಡೀನಿ. ನಾಳೆ ಕೊರಿಯರ್ ಹಾಕಬೇಕು.